ಹಾಜರಿ ಪುಸ್ತಕ ಹಿಡಿದು ಮಹಾಯುದ್ಧ ಕಲಿಸಿದ್ದು: ನನ್ನ ಅನುಭವ

ಮಿಶಿಗನ್‌ನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಹನ್ನೊಂದನೇ ತರಗತಿಗೆ ಅಮೆರಿಕದ ಇತಿಹಾಸ ಪಾಠ ಮಾಡುತ್ತೇನೆ. ಎರಡನೇ ಮಹಾಯುದ್ಧವನ್ನು ರಣರಂಗದಿಂದಲ್ಲ, ಆ ಕಾಲದ ಹೈಸ್ಕೂಲಿನ ಹಾಜರಿಯಿಂದ ಕಲಿಸುತ್ತೇನೆ ಎಂದಾಗ ನಮ್ಮ ವಿಭಾಗದಲ್ಲಿ ಒಬ್ಬರೂ ಒಪ್ಪಲಿಲ್ಲ. ಪರೀಕ್ಷೆಯಲ್ಲಿ ನಾರ್ಮಂಡಿ, ಅಂದರೆ 1944ರಲ್ಲಿ ಮಿತ್ರಪಡೆಗಳು ಫ್ರಾನ್ಸಿನ ತೀರದಲ್ಲಿ ಇಳಿದದ್ದನ್ನು, ಕೇಳುತ್ತಾರೆ, ಹಾಜರಿ ಕೇಳುವುದಿಲ್ಲ ಎಂಬುದು ಅವರ ವಾದ. ಈಗ ಅವರಲ್ಲೇ ಮೂವರು ನನ್ನ ಕಾರ್ಡಿನ ಡಬ್ಬಗಳನ್ನು ಎರವಲು ಒಯ್ಯುತ್ತಾರೆ. ಕರ್ನಾಟಕದ ಸಮಾಜ ವಿಜ್ಞಾನದ ಮೇಷ್ಟ್ರುಗಳು ಹೇಗೆ ಮಾಡಿದಿರಿ ಎಂದು ಕೇಳುತ್ತಲೇ ಇರುವುದರಿಂದ ಬರೆದಿಡುತ್ತಿದ್ದೇನೆ.

ಇದಕ್ಕೆ ಮುಂಚಿನ ವರ್ಷಗಳಲ್ಲಿ ಏನೇನೋ ನೋಡಿದ್ದಾಯಿತು. ಹಳೆಯ ಸುದ್ದಿಚಿತ್ರ ಹಾಕಿದರೆ ಮಕ್ಕಳು ತಲೆ ತಗ್ಗಿಸಿ ಫೋನ್ ನೋಡುತ್ತಿದ್ದರು. ನಾಟಕ ಆಡಿಸಿದೆ; ಬಾಡಿಗೆ ಬಟ್ಟೆಗೇ ನೂರೈವತ್ತು ಡಾಲರ್ ಹೋಯಿತು, ಉಳಿದದ್ದು ಫೋಟೊ ಮಾತ್ರ. ತೊಂಬತ್ತು ದಾಟಿದ ಅಜ್ಜಿಯೊಬ್ಬರನ್ನು ಕರೆಸಿದ ದಿನ ತರಗತಿ ಉಸಿರು ಬಿಗಿಹಿಡಿದು ಕೇಳಿತು, ಆದರೆ ಅದು ಒಂದೇ ಪೀರಿಯಡ್‌ನ ಮಾತು. ಆ ಅಜ್ಜಿ ಮಧ್ಯದಲ್ಲಿ ಹೇಳಿದ ಒಂದು ವಾಕ್ಯ ನನ್ನ ತಲೆಯಲ್ಲಿ ಉಳಿಯಿತು: ಪ್ರತಿ ಸೋಮವಾರ ಹಾಜರಿ ಕರೆಯುವಾಗ ಒಂದಲ್ಲ ಒಂದು ಹೆಸರಿಗೆ ಉತ್ತರ ಬರುತ್ತಿರಲಿಲ್ಲ.

ಇಲ್ಲಿನ ಊರ ಗ್ರಂಥಾಲಯದಲ್ಲಿ 1941ರಿಂದ 45ರವರೆಗಿನ ಸ್ಥಳೀಯ ಪತ್ರಿಕೆ ಮೈಕ್ರೊಫಿಲ್ಮ್‌ನಲ್ಲಿದೆ, ಶಾಲೆಗಳ ವಾರ್ಷಿಕ ಸಂಚಿಕೆಗಳೂ ಇವೆ. ಎರಡು ಬೇಸಿಗೆ ಕೂತು ಅವುಗಳಿಂದ ಮೂವತ್ತು ಕಾರ್ಡು ಮಾಡಿದೆ. ಹೆಸರಿಲ್ಲ, ಬರೀ ಸಂಖ್ಯೆ. ಹದಿನೇಳನೆಯವನ ತಂದೆ ರೈತ, ಅಣ್ಣ ನೌಕಾಪಡೆಯಲ್ಲಿ. ಇಪ್ಪತ್ತೆರಡನೆಯವಳು ಟೈಪಿಂಗ್‌ನಲ್ಲಿ ಚುರುಕು, ಮನೆಯಲ್ಲಿ ದುಡಿಯುವವರು ಒಬ್ಬರೇ. ಮೊದಲ ದಿನ ಪ್ರತಿ ವಿದ್ಯಾರ್ಥಿಗೂ ಒಂದು ಕಾರ್ಡು. ಆಮೇಲೆ ಆರು ವಾರ ಹಾಜರಿ ಕರೆಯುವುದು ಆ ಸಂಖ್ಯೆಗಳಿಂದಲೇ.

1942ರ ನವೆಂಬರ್‌ನಲ್ಲಿ ಕಡ್ಡಾಯ ಸೇನಾ ಭರ್ತಿಯ ವಯಸ್ಸು ಇಪ್ಪತ್ತರಿಂದ ಹದಿನೆಂಟಕ್ಕೆ ಇಳಿಯಿತು. ನಾವು ಆ ತಿಂಗಳಿಗೆ ಬಂದ ದಿನ ನಾಲ್ಕು ಸಂಖ್ಯೆಗಳು, ಶಾಲೆ ಬಿಟ್ಟು ಸೇನೆಗೆ ಹೋದವರೆಂದು, ಎದ್ದು ಹಿಂದಿನ ಗೋಡೆಗೆ ಹೋಗುತ್ತವೆ. ಮಿಶಿಗನ್‌ನಲ್ಲಿ ಇನ್ನೊಂದು ಸೆಳೆತವಿತ್ತು: ಇಪ್ಸಿಲ್ಯಾಂಟಿ ಹತ್ತಿರ ಫೋರ್ಡ್ ಕಂಪನಿಯ ವಿಲೋ ರನ್ ಕಾರ್ಖಾನೆ. ಅಲ್ಲಿ ತಯಾರಾದ ಬಿ-24 ಬಾಂಬರ್ ಎಂಟು ಸಾವಿರಕ್ಕೂ ಹೆಚ್ಚು. ಭರಾಟೆಯ ಕಾಲದಲ್ಲಿ ಗಂಟೆಗೊಂದು ವಿಮಾನ ಹೊರಬೀಳುತ್ತಿತ್ತು. ಕೈತುಂಬ ಸಂಬಳ ಎದುರಿಗಿರುವಾಗ ಜ್ಯಾಮಿತಿ ಯಾರಿಗೆ ಬೇಕು? ಐದನೇ ವಾರಕ್ಕೆ ಮೂವತ್ತರಲ್ಲಿ ಹದಿನೆಂಟೋ ಹತ್ತೊಂಬತ್ತೋ ಕುರ್ಚಿ ಮಾತ್ರ ತುಂಬಿರುತ್ತವೆ. 1941ರಿಂದ 44ರೊಳಗೆ ದೇಶದ ಹೈಸ್ಕೂಲುಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಕಡಿಮೆಯಾದರು ಎಂಬುದನ್ನು ಆಗ ಹೇಳುತ್ತೇನೆ. ಮೊದಲೇ ಹೇಳಿದರೆ ಅದು ಬರೀ ಅಂಕಿ. ಯಾವ ಕಾರ್ಡು ಯಾವಾಗ ಏಳಬೇಕು ಎಂಬ ಕ್ರಮದಲ್ಲೇ ಇದರ ಜೀವ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನಿಮ್ಮ ಊರಿನ ದಾಖಲೆ ನೋಡಿ ನೀವೇ ಕಟ್ಟಿಕೊಳ್ಳಿ.

ಮೇಷ್ಟ್ರಿಗೂ ಕಾರ್ಡಿದೆ. ಗಣಿತದವರು ಸೈನ್ಯಕ್ಕೆ, ವರ್ಕ್‌ಶಾಪಿನವರು ಕಾರ್ಖಾನೆಗೆ. ಮದುವೆಯಾದ ಕೂಡಲೇ ಕೆಲಸ ಬಿಡಬೇಕೆಂದು ಎಷ್ಟೋ ಕಡೆ ಮೇಡಂಗಳನ್ನು ಮನೆಗೆ ಕಳಿಸಿದ್ದರು. ಯುದ್ಧ ಬಂದಾಗ ಅವರನ್ನೇ ವಾಪಸ್ ಕರೆದರು, ತರಬೇತಿ ಸಾಲದವರಿಗೆ ತುರ್ತು ಅರ್ಹತಾಪತ್ರ ಕೊಟ್ಟು ನಿಲ್ಲಿಸಿದರು. ಮೇಷ್ಟ್ರ ಈ ಕೊರತೆ ತೋರಿಸಲು ಎರಡು ಸೆಕ್ಷನ್ ಒಟ್ಟು ಕೂರಿಸಬೇಕೆಂದಿದ್ದೆ. ಬೆಂಕಿ ಸುರಕ್ಷತೆಯ ನಿಯಮಕ್ಕೆ ಕೋಣೆ ಸಾಲದೆಂದು ಅನುಮತಿ ಸಿಗಲಿಲ್ಲ. ಮರುವರ್ಷ ಮೊದಲ ಪೀರಿಯಡ್‌ನಲ್ಲಿ ಖಾಲಿ ಇರುವ ಊಟದ ಹಾಲ್ ಹಿಡಿದೆ. ಐವತ್ತೈದು ಮಕ್ಕಳು, ಒಬ್ಬ ಮೇಷ್ಟ್ರು, ಹಿಂದಿನ ಮೂರು ಸಾಲಿಗೆ ಏನೂ ಕೇಳಿಸದು. ಹೋಂವರ್ಕ್ ಯಾರು ತಿದ್ದುತ್ತಿದ್ದರು ಎಂದು ಮರುದಿನ ಮಕ್ಕಳೇ ಕೇಳಿದರು. ಅಲ್ಲಿಂದ ವಿದ್ಯಾರ್ಥಿಗಳೇ ತಿದ್ದುವ ಪದ್ಧತಿ ಶುರುಮಾಡಿದೆ, ಅದು ಈಗ ವರ್ಷವಿಡೀ ನಡೆಯುತ್ತದೆ.

ಜನಗಣತಿ, ಚುನಾವಣೆ ಡ್ಯೂಟಿ ಮಾಡಿದ ನಿಮಗೆ ಮುಂದಿನದು ಬೇಗ ತಿಳಿಯುತ್ತದೆ. 1942ರ ಮೇ 4ರಿಂದ 7ರವರೆಗೆ ಅಮೆರಿಕದ ಜನ ಶಾಲೆಗಳ ಮುಂದೆ ಸಾಲುಗಟ್ಟಿದರು, ಸಕ್ಕರೆಯ ಪಡಿತರ ಪುಸ್ತಕಕ್ಕೆ. ಬರೆದುಕೊಂಡವರು ಮೇಷ್ಟ್ರು, ಮೇಡಂಗಳು. ತಲೆಗೆ ವಾರಕ್ಕೆ ಅರ್ಧ ಪೌಂಡ್. ಮನೆಯಲ್ಲಿ ತಲಾ ಎರಡು ಪೌಂಡಿಗಿಂತ ಹೆಚ್ಚು ಕೂಡಿಟ್ಟಿದ್ದರೆ ಅಷ್ಟಕ್ಕೆ ತಕ್ಕ ಪಡಿತರ ಚೀಟಿಗಳನ್ನು ಮೇಷ್ಟ್ರೇ ಪುಸ್ತಕದಿಂದ ಹರಿದು ತೆಗೆದುಬಿಡಬೇಕು. ನಮ್ಮ ಮಕ್ಕಳು ಮನೆಯ ಸಕ್ಕರೆ ತೂಗಿಕೊಂಡು ಬಂದು ಅದೇ ನಮೂನೆ ತುಂಬುತ್ತಾರೆ. ಮೂಲ ನಮೂನೆಯಲ್ಲಿ ದೇಹದ ತೂಕವೂ ಇತ್ತು, ಆ ಅಂಕಣ ತೆಗೆದುಬಿಡಿ. ಚೀಟಿ ಹರಿಯಲು ಕೂತ ಹುಡುಗಿಗೆ ತನ್ನ ಗೆಳತಿಯ ಮನೆಯ ಚೀಟಿಯನ್ನೇ ಹರಿಯಬೇಕಾಗಿ ಬಂದಾಗ ಕೈ ತಡೆಯಿತು. ಶಾಲೆ ಎಂದರೆ ಆಗ ಸರ್ಕಾರದ ಕೌಂಟರೂ ಆಗಿತ್ತು ಎಂಬುದು ಅಲ್ಲಿ ಅರ್ಥವಾಯಿತು.

ವಿಮಾನದ ಮಾದರಿಗಳಿಗೆ ನಾನು ಅತಿ ಹೆಚ್ಚು ದುಡ್ಡು ಸುರಿದಿದ್ದೇನೆ. 1942ರಲ್ಲಿ ನೌಕಾಪಡೆ ಹೈಸ್ಕೂಲು ಮಕ್ಕಳಿಂದ ಐದು ಲಕ್ಷ ಮರದ ಮಾದರಿ ಕೇಳಿತ್ತು, ಶತ್ರು ಮಿತ್ರ ವಿಮಾನ ಗುರುತಿಸುವ ತರಬೇತಿಗೆ. 1:72 ಅಳತೆ, ಪೂರ್ತಿ ಕಪ್ಪು ಬಣ್ಣ. ಆ ಅಳತೆ ಯಾಕೆಂದರೆ ಮೂವತ್ತೈದು ಅಡಿ ದೂರದಲ್ಲಿ ಹಿಡಿದ ಮಾದರಿ ಸುಮಾರು ಅರ್ಧ ಮೈಲಿ ದೂರದ ನಿಜ ವಿಮಾನದಷ್ಟೇ ಕಾಣುತ್ತದೆ; ಗುಣಿಸಿ ನೋಡಿ. ಶಾಲೆಯೊಳಗೆ ಚಾಕು ತರುವಂತಿಲ್ಲ. ವರ್ಕ್‌ಶಾಪಿನ ಸಹೋದ್ಯೋಗಿ ಗರಗಸದಲ್ಲಿ ಅಂದಾಜು ಆಕಾರ ಕತ್ತರಿಸಿ ಕೊಟ್ಟರು, ಮಕ್ಕಳು ಉಪ್ಪುಕಾಗದದಲ್ಲಿ ಉಜ್ಜಿದರು. ಪೈನ್ ಮರದ ರೆಕ್ಕೆ ತೆಳುವಾದಂತೆ ಸೀಳಿ ಹೋಗುತ್ತಿತ್ತು, ಮೊದಲ ಕಂತಿನಲ್ಲಿ ಅರ್ಧ ಕಸದ ಬುಟ್ಟಿಗೆ. ಬಾಸ್‌ವುಡ್ ಎಂಬ ಮೆದು ಮರ ತರಿಸಿದ ಮೇಲೆ ಕೆಲಸ ಹತ್ತಿತು, ಖರ್ಚು ದುಪ್ಪಟ್ಟಾಯಿತು. ರೆಕ್ಕೆ ಸೀಳದಂತೆ ನಾನು ಮಾಡುವ ಇನ್ನೊಂದು ಉಪಾಯ ನನ್ನಲ್ಲೇ ಇರಲಿ. ಮಾದರಿಗಳಲ್ಲಿ ಬಿ-24 ಬಂದಾಗ ಬೆಂಗಳೂರು ಮೂಲದ ಹುಡುಗನೊಬ್ಬನಿಗೆ, ಯುದ್ಧದ ನಂತರ ಕಾನ್ಪುರದಲ್ಲಿ ಬಿಟ್ಟುಹೋದ ಇಂಥ ವಿಮಾನಗಳನ್ನು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ದುರಸ್ತಿ ಮಾಡಿ ಭಾರತೀಯ ವಾಯುಪಡೆಗೆ ಕೊಟ್ಟಿತು ಎಂದೆ. ಆ ವಾರವೆಲ್ಲ ಅವನು ಬೇರೆ ಯಾವ ಮಾದರಿಯನ್ನೂ ಮುಟ್ಟಲಿಲ್ಲ.

ಪಾಠಕ್ಕೆ ಸೇರದ ಒಂದು ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಜಾವಾ ದ್ವೀಪ ಜಪಾನಿನ ಕೈಗೆ ಹೋದಾಗ ಲೈಫ್ ಜಾಕೆಟ್ಟಿಗೆ ತುಂಬುವ ಕಪೋಕ್, ನಮ್ಮ ಬೂರುಗದ ಹತ್ತಿಯಂಥದ್ದು, ನಿಂತುಹೋಯಿತು. 1944ರಲ್ಲಿ ಶಾಲಾ ಮಕ್ಕಳು ರಸ್ತೆಬದಿಯ ಮಿಲ್ಕ್‌ವೀಡ್ ಕಾಯಿ ಆರಿಸಿದರು. ಅದು ನಮ್ಮ ಎಕ್ಕದ ಬಳಗದ ಗಿಡ. ಎರಡು ಚೀಲ ಕಾಯಿಗೆ ಒಂದು ಜಾಕೆಟ್ ಎಂಬ ಲೆಕ್ಕ. ನಾವು ಅದರ ಅರಳೆಯನ್ನು ದಿಂಬಿನ ಚೀಲಕ್ಕೆ ತುಂಬಿ, ಕಬ್ಬಿಣದ ತುಂಡು ಕಟ್ಟಿ ನೀರಿನ ತೊಟ್ಟಿಗೆ ಬಿಟ್ಟೆವು. ಸಂಜೆ ಗಂಟೆ ಹೊಡೆದರೂ ತೇಲುತ್ತಿತ್ತು. ಪಕ್ಕದ ಹತ್ತಿಯ ದಿಂಬು ಊಟಕ್ಕೆ ಮುಂಚೆಯೇ ಮುಳುಗಿತ್ತು. ಕೋಣೆಯೊಳಗೆ ಮಾತ್ರ ಕಾಯಿ ಒಡೆಯಬೇಡಿ, ಅರಳೆ ಹಾರಿ ಇಬ್ಬರಿಗೆ ಉಬ್ಬಸ ಬಂತು. ಒಣಗಿದ ಕಾಯಿ ಮಾತ್ರ ಆರಿಸಿ, ಹಸಿ ಗಿಡದ ಹಾಲು ಕಣ್ಣಿಗೆ ಕೆಟ್ಟದ್ದು.

ಒಂದನ್ನು ನಾನು ಅಭಿನಯಿಸಿ ತೋರಿಸುವುದಿಲ್ಲ: ಜಪಾನಿ ಮೂಲದವರ ಶಿಬಿರದ ಶಾಲೆಗಳು. 1942ರ ಫೆಬ್ರವರಿ 19ರ ಅಧ್ಯಕ್ಷರ ಆದೇಶದಿಂದ ಪಶ್ಚಿಮ ಕರಾವಳಿಯ ಲಕ್ಷಕ್ಕೂ ಹೆಚ್ಚು ಜನರನ್ನು ಮುಳ್ಳುತಂತಿಯ ಹಿಂದೆ ಕಳಿಸಿದರು. ಕ್ಯಾಲಿಫೋರ್ನಿಯಾದ ಮಂಜನಾರ್‌ನಲ್ಲಿ ಶಾಲೆ ತೆರೆದಾಗ ಮಕ್ಕಳು ಕೂತದ್ದು ನೆಲದ ಮೇಲೆ, ಬೆಂಚಿಲ್ಲ, ಪುಸ್ತಕವಿಲ್ಲ. ಅಲ್ಲೂ ಬೆಳಗ್ಗೆ ಧ್ವಜಕ್ಕೆ ನಿಷ್ಠೆಯ ಪ್ರತಿಜ್ಞೆ. ಇದನ್ನು ಆಟವಾಗಿಸಿದರೆ ಆ ಮಕ್ಕಳಿಗೆ ಅವಮಾನ. ದಾಖಲೆ, ಫೋಟೊ ಓದಿಸಿ, ಜೊತೆಗೆ 1943ರ ಜೂನ್ 14ರ ಬಾರ್ನೆಟ್ ತೀರ್ಪನ್ನು ಕೊಡುತ್ತೇನೆ: ಯುದ್ಧದ ನಟ್ಟನಡುವೆಯೂ ಧ್ವಜವಂದನೆಗೆ ಮಗುವನ್ನು ಬಲವಂತ ಮಾಡುವಂತಿಲ್ಲ ಎಂದಿತು ಸುಪ್ರೀಂ ಕೋರ್ಟ್. ಎರಡನ್ನೂ ಅಕ್ಕಪಕ್ಕ ಇಟ್ಟ ದಿನ ಚರ್ಚೆ ಗಂಟೆ ಹೊಡೆದ ಮೇಲೂ ನಿಲ್ಲುವುದಿಲ್ಲ.

ಯುದ್ಧದ ಖರ್ಚಿಗೆಂದು ಸರ್ಕಾರ ಮಾರುತ್ತಿದ್ದ ಉಳಿತಾಯದ ಸ್ಟಾಂಪಿನ ಪಾಠಕ್ಕೆ ಖರ್ಚೇ ಇಲ್ಲ, ಜೆರಾಕ್ಸ್ ಸಾಕು. ಇಪ್ಪತ್ತೈದು ಸೆಂಟಿನ ಎಪ್ಪತ್ತೈದು ಸ್ಟಾಂಪ್ ಅಂಟಿಸಿದರೆ 18.75 ಡಾಲರ್, ಅದಕ್ಕೊಂದು ಬಾಂಡ್, ಹತ್ತು ವರ್ಷಕ್ಕೆ 25. ಬಡ್ಡಿ ದರ ಕಂಡುಹಿಡಿಯುವ ಲೆಕ್ಕ ಗಣಿತದ ಮೇಡಂಗೆ ಇಷ್ಟವಾಗಿ ಈಗ ಅವರೂ ಮಾಡಿಸುತ್ತಾರೆ.

ಒಟ್ಟು ಖರ್ಚು ಆರುನೂರು ಡಾಲರಿನ ಆಸುಪಾಸು. ಮರ, ಬಣ್ಣಕ್ಕೆ ಮುನ್ನೂರರ ಮೇಲೆ. ಮೈಕ್ರೊಫಿಲ್ಮ್ ಪ್ರಿಂಟಿಗೆ ಅರವತ್ತೆಪ್ಪತ್ತು. ಅಸಲಿ ಪಡಿತರ ಪುಸ್ತಕಗಳು, ಪಡಿತರದಲ್ಲಿ ಚಿಲ್ಲರೆಯಾಗಿ ಕೊಡುತ್ತಿದ್ದ 1944ರ ಕೆಂಪು ನೀಲಿ ಬಿಲ್ಲೆಗಳು ಹಳೇ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಪೋಷಕರ ಸಂಘ ಇನ್ನೂರು ಕೊಟ್ಟಿತು, ಉಳಿದದ್ದು ನನ್ನ ಕೈಯಿಂದ. ವಿಭಾಗದ ಸಾಮಾನ್ಯ ಪರೀಕ್ಷೆಯಲ್ಲಿ ಮೊದಲು ಎಪ್ಪತ್ತರ ಹತ್ತಿರ ಇದ್ದ ಸರಾಸರಿ ಈಗ ಎಂಬತ್ತೈದರ ಹತ್ತಿರ. ನಾರ್ಮಂಡಿಯ ಪ್ರಶ್ನೆಗೂ ನನ್ನ ಮಕ್ಕಳೇ ಚೆನ್ನಾಗಿ ಬರೆದರು. ಹಿಂದಿನ ಗೋಡೆಗೆ ಹೋದ ಸಂಖ್ಯೆಗಳು ಮುಂದೆ ಎಲ್ಲಿಗೆ ಹೋದವೆಂದು ತಾವಾಗಿಯೇ ಹುಡುಕಿ ಓದಿದ್ದರು. ಈ ಬೇಸಿಗೆಯಲ್ಲಿ ಇನ್ನೂ ಮೂವತ್ತು ಕಾರ್ಡು ಮಾಡುತ್ತಿದ್ದೇನೆ, ಈ ಸಲ ವಿಲೋ ರನ್ ಸುತ್ತಲಿನ ವಸತಿಗಳಿಗೆ ದಕ್ಷಿಣದ ರಾಜ್ಯಗಳಿಂದ ವಲಸೆ ಬಂದ ಕುಟುಂಬಗಳ ಮಕ್ಕಳದ್ದು.