ಮೈದನಹಳ್ಳಿ ಕೃಷ್ಣಮೃಗ ನೋಡೋಕೆ ಇಬ್ರು ಹೋಗೋದಾದ್ರೆ: ಚಳಿ, ಬೆಳಕು, ಗಾಳಿ, ಕ್ಯಾಮೆರಾ

ಡಿಸೆಂಬರ್ ಮಧ್ಯದಿಂದ ಜನವರಿ ಕೊನೆವರೆಗೂ ಮಧುಗಿರಿ ಕಡೆ ಬೆಳಗಿನ ಜಾವ ಒಳ್ಳೆ ಚಳಿ ಇರುತ್ತೆ, ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತೆ, ಮೈದನಹಳ್ಳಿಗೆ ಹೋಗೋಕೆ ನನ್ ಪ್ರಕಾರ ಇದಕ್ಕಿಂತ ಒಳ್ಳೆ ಟೈಮ್ ಇಲ್ಲ. ರಾಜ್ಯದಲ್ಲಿ ರಾಣೆಬೆನ್ನೂರು ಬಿಟ್ರೆ ಕೃಷ್ಣಮೃಗ ಜಾಸ್ತಿ ಇರೋ ಜಾಗ ನಮ್ಮ ಮಧುಗಿರಿ ತಾಲೂಕಲ್ಲೇ ಇದೆ ಅನ್ನೋದು ತುಮಕೂರು ಜಿಲ್ಲೆಯವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ, ಅದು ನಂಗೆ ನಿಜವಾಗ್ಲೂ ಬೇಜಾರು. ಮೈದನಹಳ್ಳಿ ಅಂದ್ರೆ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ 2007ರಲ್ಲಿ ಘೋಷಣೆ ಆಗಿರೋ ಜಾಗ, ಒಟ್ಟು 798 ಎಕರೆ, ಸುತ್ತ ಕಡ್ಲೆಕಾಯಿ ಹೊಲ, ರಾಗಿ ಹೊಲ, ಒಂದಷ್ಟು ನೀಲಗಿರಿ ತೋಪು. ದೇವರಾಯನದುರ್ಗದಲ್ಲಿ ಹುಟ್ಟೋ ಜಯಮಂಗಲಿ ನದಿ ಹೆಸ್ರನ್ನೇ ಇದಕ್ಕೂ ಇಟ್ಟಿದಾರೆ.

ನನ್ನ ಜೊತೆ ಬರೋ ಗೆಳೆಯನಿಗೆ ಅಲಾಸ್ಕ, ಕೆನಡಾ ಕಡೆಯ ಮೂಸ್ (ಜಿಂಕೆ ಜಾತಿಯ ಭಾರೀ ದೊಡ್ಡ ಪ್ರಾಣಿ) ಬೇಟೆ ವಿಡಿಯೋ ನೋಡೋದು ಅಂದ್ರೆ ಪ್ರಾಣ. ಅಲ್ಲಿ ಲೈಸೆನ್ಸ್ ತಗೊಂಡು ಇಬ್ಬರು ಫ್ರೆಂಡ್ಸ್ ದಿನಗಟ್ಲೆ ಚಳಿ ಕಾಡಲ್ಲಿ ಟೆಂಟ್ ಹಾಕ್ಕೊಂಡು ಕಾಯ್ತಾರೆ, ಹೆಣ್ಣು ಮೂಸ್ ಥರ ಕೂಗಿ ಗಂಡನ್ನ ಹತ್ರ ಕರೆಸ್ಕೋತಾರೆ, ಯಾವಾಗ್ಲೂ ಗಾಳಿ ಯಾವ ಕಡೆಯಿಂದ ಬೀಸ್ತಿದೆ ಅಂತಾನೇ ನೋಡ್ತಿರ್ತಾರೆ. ಅದನ್ನ ನೋಡಿ ನಾವೂ ಹಂಗೇ ಮಾಡೋಣ ಅಂತ ಸುಮಾರು ಹುಡುಗ್ರಿಗೆ ಅನ್ಸುತ್ತೆ. ತಾಳ್ಮೆ, ಮುಂಜಾನೆ ಚಳಿ, ಜೊತೆಗೊಬ್ಬ ನಂಬೋ ಫ್ರೆಂಡು, ಇಷ್ಟು ಅಲ್ಲಿಂದ ತಗೋಬಹುದು. ಉಳಿದಿದ್ದನ್ನ ಹಂಗೇ ತಂದು ಇಲ್ಲಿ ಇಟ್ರೆ ಕೆಲ್ಸ ಆಗಲ್ಲ, ಯಾಕಂದ್ರೆ ಪ್ರಾಣಿನೇ ಬೇರೆ. ಮೂಸ್‌ಗೆ ಕಣ್ಣು ಅಷ್ಟಕ್ಕಷ್ಟೇ, ಮೂಗು ಕಿವಿ ಭಾರೀ ಚುರುಕು. ಕೃಷ್ಣಮೃಗ ಬದುಕೋದೇ ಕಣ್ಣಿನ ಮೇಲೆ. ಬಯಲಲ್ಲಿ ಎಲ್ಲೋ ಅಷ್ಟು ದೂರದಲ್ಲಿ ನೀವು ಕೈ ಎತ್ತಿ ಟೋಪಿ ಸರಿ ಮಾಡ್ಕೊಂಡ್ರೂ ಅದಕ್ಕೆ ಗೊತ್ತಾಗುತ್ತೆ. ಈ ಒಂದು ವಿಷ್ಯ ತಲೇಲಿ ಇಟ್ಕೊಂಡ್ರೆ ಕೆಳಗೆ ಹೇಳೋದೆಲ್ಲ ತಾನಾಗೇ ಅರ್ಥ ಆಗುತ್ತೆ.

ಕಾನೂನಿನ ಮಾತು ಮೊದ್ಲೇ ಹೇಳ್ಬಿಡ್ತೀನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೃಷ್ಣಮೃಗ ಮೊದಲನೇ ಶೆಡ್ಯೂಲ್‌ನಲ್ಲಿ, ಅಂದ್ರೆ ಅತಿ ಹೆಚ್ಚು ರಕ್ಷಣೆ ಇರೋ ಪಟ್ಟೀಲಿ ಇದೆ, ಬೇಟೆಯಾಡಿದ್ರೆ 3ರಿಂದ 7 ವರ್ಷ ಜೈಲು, 2022ರ ತಿದ್ದುಪಡಿ ಆದ್ಮೇಲೆ ದಂಡ ಕನಿಷ್ಠ 25,000 ರೂಪಾಯಿ. ತುಂಬಾ ಜನಕ್ಕೆ ಗೊತ್ತಿಲ್ದೇ ಇರೋದು ಏನಂದ್ರೆ ಆ ಕಾಯ್ದೆ ಪ್ರಕಾರ ಬೇಟೆ ಅಂದ್ರೆ ಬರೀ ಕೊಲ್ಲೋದಲ್ಲ, ಉರುಲು ಹಾಕೋದು, ಬೆನ್ನಟ್ಟೋದು, ಅಟ್ಟೋದು, ಆಸೆ ತೋರ್ಸಿ ಕರೆಯೋದು, ಇವಕ್ಕೆ ಪ್ರಯತ್ನ ಪಡೋದು ಎಲ್ಲಾ ಅದ್ರೊಳಗೇ ಬರುತ್ತೆ. ಹಂಗಾಗಿ ಓಡೋ ಫೋಟೋ ಬೇಕು ಅಂತ ಬೈಕಲ್ಲಿ ಹಿಂದೆ ಬೀಳೋದು, ಒಬ್ಬ ಆ ಕಡೆಯಿಂದ ಓಡಿಸ್ಲಿ ಇನ್ನೊಬ್ಬ ಈ ಕಡೆ ಕ್ಯಾಮೆರಾ ಹಿಡ್ಕೊಂಡಿರ್ಲಿ ಅನ್ನೋದು, ಇದನ್ನೆಲ್ಲ ಮಾಡೋ ಯೋಚ್ನೆ ಇದ್ರೆ ದಯವಿಟ್ಟು ಬರಲೇಬೇಡಿ. ಹುಲ್ಲಲ್ಲಿ ಕೊಂಬು ಬಿದ್ದಿದ್ರೆ ಅದನ್ನೂ ಎತ್ಕೊಂಡು ಬರಂಗಿಲ್ಲ. ಮೂಸ್ ವರ್ಷಾ ವರ್ಷಾ ಕೊಂಬು ಉದುರಿಸುತ್ತೆ, ಕೃಷ್ಣಮೃಗ ಉದುರಿಸಲ್ಲ, ಅಂದ್ರೆ ಅಲ್ಲಿ ಕೊಂಬು ಬಿದ್ದಿದೆ ಅಂದ್ರೆ ಒಂದು ಪ್ರಾಣಿ ಸತ್ತಿದೆ ಅಂತಾನೇ ಲೆಕ್ಕ. ಮುಟ್ಬೇಡಿ, ಫಾರೆಸ್ಟ್ ಗಾರ್ಡ್‌ಗೆ ತೋರ್ಸಿ.

ಫ್ರೆಂಡ್ ಯಾರು ಅನ್ನೋದು ಮುಖ್ಯ. ಒಂದು ಗಂಟೆ ಫೋನ್ ಮುಟ್ದೇ ಕೂತಿರೋಕೆ ಆಗುತ್ತಾ, ಪಿಸುಗುಟ್ಟೋದು ಬಿಟ್ಟು ಕೈಸನ್ನೆ ಮಾಡೋಕೆ ಬರುತ್ತಾ, ಅಷ್ಟು ಸಾಕು. ಕ್ಯಾಮೆರಾ ಇಲ್ದಿರೋ ಫ್ರೆಂಡೇ ಒಳ್ಳೇದು ಅಂತ ನಾನು ಹೇಳೋದು, ಯಾಕಂದ್ರೆ ಇಬ್ರೂ ಕ್ಯಾಮೆರಾ ಹಿಡಿದ್ರೆ ಇಬ್ರೂ ಒಂದೇ ಗಂಡು ಕೃಷ್ಣಮೃಗನ್ನ ನೋಡ್ತಿರ್ತಾರೆ, ಹಿಂದುಗಡೆ ನರಿ ಹೋಗಿದ್ದು ಯಾರಿಗೂ ಗೊತ್ತಾಗಲ್ಲ. ಒಬ್ಬ ಬೈನಾಕ್ಯುಲರ್, ಒಬ್ಬ ಕ್ಯಾಮೆರಾ. 8x42 (ಎಂಟು ಪಟ್ಟು ಹತ್ರ ತೋರ್ಸೋ, 42 ಎಂಎಂ ಲೆನ್ಸಿನ) ಬೈನಾಕ್ಯುಲರ್ ಆದ್ರೆ ಮಬ್ಬು ಬೆಳಕಲ್ಲೂ ಚೆನ್ನಾಗಿ ಕಾಣುತ್ತೆ. ಗ್ರೂಪ್ ಮಾಡ್ಕೊಂಡು ಎಂಟು ಹತ್ತು ಜನ ಬರೋದು ಬೇಡ, ಮೂರನೇ ಮನುಷ್ಯ ಬಂದ ತಕ್ಷಣ ಮಾತು ಶುರು ಆಗುತ್ತೆ.

ದಾರಿ ಸುಲಭ. ತುಮಕೂರಿಂದ ಕೊರಟಗೆರೆ, ಮಧುಗಿರಿ, ಅಲ್ಲಿಂದ ಪುರವರ ಕಡೆ ರೋಡು, ಮಧುಗಿರಿ ದಾಟಿದ್ಮೇಲೆ ಸುಮಾರು 20 ಕಿಲೋಮೀಟರ್. ಚಿಕ್ಕಬಳ್ಳಾಪುರ ಕಡೆಯವ್ರು, ಬೆಂಗಳೂರಿನವ್ರು ಗೌರಿಬಿದನೂರು, ಕೊಡಿಗೇನಹಳ್ಳಿ ಮೇಲೆ ಬರಬಹುದು. ಈ ತಿಂಗಳುಗಳಲ್ಲಿ ಸೂರ್ಯ ಹುಟ್ಟೋದು ಆರೂವರೆ ದಾಟಿ, ನೀವು ಆರೂಕಾಲಿಗೆಲ್ಲ ಅಲ್ಲಿರ್ಬೇಕು ಅಂದ್ರೆ ತುಮಕೂರನ್ನ ನಾಲ್ಕೂವರೆಗೆ ಬಿಡ್ಬೇಕು. ಆ ರೋಡಲ್ಲಿ ಬೆಳಗಿನ ಜಾವ ಲೈಟ್ ಇಲ್ದಿರೋ ಟ್ರ್ಯಾಕ್ಟರ್ ಬರ್ತವೆ, ಸ್ವಲ್ಪ ಮಂಜೂ ಇರುತ್ತೆ, ನಿಧಾನ ಹೋಗಿ. ಅಲ್ಲಿ ಹೋದ್ಮೇಲೆ ಒಳಗೆ ಕಾಲಿಡೋ ಮುಂಚೆ ಇಲಾಖೆಯವ್ರ ಹತ್ರ ಹೇಳಿ, ಅನುಮತಿ ತಗೊಂಡೇ ಹೋಗಿ. ಹಿಂದಿನ ದಿನ ಹಿಂಡು ಯಾವ ಕಡೆ ಮೇಯ್ತಿತ್ತು ಅಂತ ಅವ್ರಿಗೆ ಗೊತ್ತಿರೋ ಅಷ್ಟು ಯಾವ ಮ್ಯಾಪ್‌ಗೂ ಗೊತ್ತಿರಲ್ಲ.

ಚಳಿ ಬಗ್ಗೆ ಹೇಳ್ಬೇಕು ಅಂದ್ರೆ, ಥರ್ಮಾಮೀಟರ್‌ನಲ್ಲಿ 13, 14 ಡಿಗ್ರಿ ತೋರ್ಸಬಹುದು, ಇಷ್ಟೇನಾ ಅನ್ಸುತ್ತೆ, ಆದ್ರೆ ಬಯಲು ಜಾಗ, ಗಾಳಿಗೆ ಅಡ್ಡ ಏನೂ ಇಲ್ಲ, ಅಲ್ಲಾಡದೇ ನೆಲದ ಮೇಲೆ ಕೂತಿರ್ತೀರ, ಇಬ್ಬನಿಗೆ ಪ್ಯಾಂಟು ಮೊಣಕಾಲವರೆಗೂ ಒದ್ದೆ. ಅರ್ಧ ಗಂಟೆಗೆ ಬೆರಳು ಮರಗಟ್ಟಿ ಶಟರ್ ಒತ್ತೋಕೆ ಕಷ್ಟ ಆಗುತ್ತೆ. ಒಂದೇ ದಪ್ಪ ಜಾಕೆಟ್ ಬದ್ಲು ತೆಳ್ಳಗೆ ಎರಡು ಮೂರು ಪದರ ಹಾಕಿ, ಎಂಟೂವರೆ ಒಂಬತ್ತಕ್ಕೆ ಬಿಸಿಲು ಚುರುಕಾದಾಗ ಒಂದೊಂದೇ ತೆಗೀಬಹುದು. ಸರಸರ ಸದ್ದು ಮಾಡೋ ಪ್ಲಾಸ್ಟಿಕ್ ಥರದ ಜಾಕೆಟ್ ಬೇಡ. ಬಿಳಿ, ಕೆಂಪು, ಹಳದಿ ಯಾವ್ದೂ ಬೇಡ, ಮಣ್ಣಿನ ಬಣ್ಣ, ಒಣ ಹುಲ್ಲಿನ ಬಣ್ಣ ಸಾಕು. ಮಂಕಿ ಕ್ಯಾಪು ಹಾಕೋಕೆ ನಾಚ್ಕೋಬೇಡಿ, ಮುಖ ಮುಚ್ಚಿದ್ರೆ ಚಳಿಗೂ ಒಳ್ಳೇದು, ಬಯಲಲ್ಲಿ ಮನುಷ್ಯನ ಮುಖ ಎದ್ದು ಕಾಣೋದೂ ತಪ್ಪುತ್ತೆ. ನನ್ನ ಕೇಳಿದ್ರೆ ಎಲ್ಲಕ್ಕಿಂತ ಒಳ್ಳೇದು ನಮ್ಮ ಕಡೆ ಕರೀ ಕಂಬಳಿ, ಕೂತು ಮೇಲಿಂದ ಹೊದ್ಕೊಂಡ್ರೆ ಕೈ ಕಾಲಿನ ಆಕಾರನೇ ಕಾಣಲ್ಲ, ಗಾಳಿನೂ ಒಳಗೆ ಬರಲ್ಲ. ಕುರಿ ಕಾಯೋರು ಕಂಬಳಿ ಹೊದ್ಕೊಂಡು ಕೂತಿರೋದು ಆ ಕಡೆ ಪ್ರಾಣಿಗಳಿಗೆ ಹೊಸದೂ ಅಲ್ಲ. ಹುಲ್ಲಿನ ಊಬು ಸಾಕ್ಸಲ್ಲಿ ಸೇರ್ಕೊಂಡ್ರೆ ಚುಚ್ಚಿ ಚುಚ್ಚಿ ಕೂರೋಕೆ ಬಿಡಲ್ಲ, ಅದಕ್ಕೆ ಸಾಕ್ಸನ್ನ ಪ್ಯಾಂಟಿನ ಒಳಗೆ ಬಿಡಿ, ಹೊರಗಲ್ಲ. ಕ್ಯಾಮೆರಾದ ಎರಡನೇ ಬ್ಯಾಟರಿ ಒಳಗಿನ ಜೇಬಲ್ಲಿ ಇರ್ಲಿ.

ಈಗ ಮುಖ್ಯವಾದ್ದು, ಎಲ್ಲಿ ಕೂರೋದು. ಚಳಿಗಾಲದಲ್ಲಿ ನಮ್ಮ ಕಡೆ ಗಾಳಿ ಬಹುತೇಕ ಪೂರ್ವ, ಈಶಾನ್ಯದಿಂದ ಬರುತ್ತೆ, ಬೆಳಿಗ್ಗೆ ಸೂರ್ಯನೂ ಪೂರ್ವದಲ್ಲೇ. ಫೋಟೋಗೆ ಸೂರ್ಯ ನಿಮ್ಮ ಬೆನ್ನ ಹಿಂದೆ ಇರ್ಬೇಕು ಅಂದ್ರೆ ನೀವು ಹಿಂಡಿನ ಪೂರ್ವಕ್ಕೆ ಕೂರ್ಬೇಕು, ಆಗ ಗಾಳಿ ನಿಮ್ಮ ವಾಸನೆ ಹೊತ್ಕೊಂಡು ಪ್ರಾಣಿ ಕಡೆ ಹೋಗುತ್ತೆ. ಎರಡೂ ಒಟ್ಟಿಗೆ ಸಿಗಲ್ಲ. ಮೂಸ್ ಬೇಟೆಯವ್ರನ್ನ ಕೇಳಿದ್ರೆ ಗಾಳಿ ಬಿಡ್ಬೇಡಿ, ಬೆಳಕು ಬಿಡಿ ಅಂತಾರೆ, ಅವ್ರಿಗೆ ಅದೇ ಸರಿ. ಇಲ್ಲಿ ಉಲ್ಟಾ ಮಾಡಿ, ಸೂರ್ಯನನ್ನ ಬೆನ್ನಿಗೆ ಹಾಕ್ಕೊಳ್ಳಿ, ನಿಮ್ಮ ಕಡೆ ನೋಡೋ ಪ್ರಾಣಿಗೆ ಎಳೆ ಬಿಸಿಲು ಕಣ್ಣಿಗೆ ಹೊಡೆಯುತ್ತೆ, ಅದ್ರ ದೊಡ್ಡ ಅಸ್ತ್ರನೇ ಸ್ವಲ್ಪ ಮೊಂಡಾಗುತ್ತೆ. ತೋಳ, ನರಿ ಕಾಣ್ಬೇಕು ಅನ್ನೋ ಆಸೆ ಇದ್ರೆ ಮಾತ್ರ ಗಾಳಿ ಮುಖಕ್ಕೆ ಬರೋ ಹಾಗೆ ಕೂತ್ಕೊಳ್ಳಿ, ಅವಕ್ಕೆ ಮೂಗೇ ಎಲ್ಲಾ. ಸೆಂಟು, ಪರಿಮಳದ ಎಣ್ಣೆ ಹಾಕ್ದೇ ಇದ್ರೆ ಎರಡಕ್ಕೂ ಒಳ್ಳೇದು.

ಜಾಗ ಹುಡುಕೋಕೆ ನೆಲ ನೋಡಿ. ಗಂಡು ಕೃಷ್ಣಮೃಗ ತನ್ನ ಎಲ್ಲೆಯೊಳಗೆ ಅದೇ ಜಾಗಕ್ಕೆ ಬಂದು ಬಂದು ಹಿಕ್ಕೆ ಹಾಕುತ್ತೆ, ಹಳೇ ಹಿಕ್ಕೆ ಬೂದಿ ಬಣ್ಣಕ್ಕೆ ಬಂದಿರುತ್ತೆ, ಮೇಲೆ ಕಪ್ಪಗೆ ಮಿಂಚೋದು ಇವತ್ತಿಂದು. ಅಂಥ ಗುಡ್ಡೆ ಕಂಡ್ರೆ ಆ ಗಂಡು ಅಲ್ಲಿಗೆ ವಾಪಸ್ ಬಂದೇ ಬರುತ್ತೆ. ಗುಡ್ಡೆ ಹತ್ರ ಕೂರ್ಬೇಡಿ, ದೂರದಲ್ಲಿ ಒಂದು ಪೊದೆನೋ ಬದುನೋ ನೋಡ್ಕೊಂಡು, ಇಬ್ರೂ ಪಕ್ಕಪಕ್ಕದಲ್ಲಿ, ಫ್ರೆಂಡ್ ಸ್ವಲ್ಪ ಹಿಂದಕ್ಕೆ ತಿರುಗಿ, ಹಿಂಡು ಬರೋ ಮುಂಚೆನೇ ಕೂತಾಗಿರ್ಬೇಕು. ನಡ್ಕೊಂಡು ಹತ್ರ ಹೋಗೋದು ಅಂತ ಯೋಚ್ನೆನೇ ಮಾಡ್ಬೇಡಿ, ಅವು ಬರ್ಲಿ. ಬಂದ್ರೆ ಬರ್ತವೆ, ಇಲ್ದಿದ್ರೆ ಇನ್ನೊಂದಿನ.

ಬರೋ ರೀತಿ ಹೆಂಗಿರುತ್ತೆ ಅಂದ್ರೆ, ಮೊದ್ಲು ಹೆಣ್ಣುಗಳು, ಕೊಂಬಿಲ್ಲ, ಹುಲ್ಲಿನದೇ ಬಣ್ಣ, ಎಷ್ಟಿವೆ ಅಂತ ಎಣಿಸೋಕೇ ಆಗಲ್ಲ, ತಲೆ ಎತ್ತಿದ್ದು ಮಾತ್ರ ಕಾಣುತ್ತೆ. ಆಮೇಲೆ ಗಂಡು. ಎದುರಿಗೆ ಹೆಣ್ಣಿದ್ರೆ ಮೂಗನ್ನ ಮೇಲಕ್ಕೆತ್ತಿ ಸುರುಳಿ ಕೊಂಬನ್ನ ಬೆನ್ನ ಮೇಲೆ ಮಲಗಿಸ್ಕೊಂಡು ಒಂದೊಂದೇ ಹೆಜ್ಜೆ ಇಡುತ್ತೆ, ಕಣ್ಣಿನ ಮುಂದೆ ಇರೋ ಗ್ರಂಥಿ ಬಾಯಿ ತೆರ್ದ ಹಾಗೆ ಬಿಚ್ಕೊಂಡಿರುತ್ತೆ, ಕಿವಿ ಕೆಳಗೆ, ಬಾಲ ಮೇಲೆ. ಉಸಿರಿಗೆ ಕತ್ತು ಸ್ವಲ್ಪ ಊದಿದ ಹಾಗೆ ಕಾಣುತ್ತೆ, ಗಂಟಲಿಂದ ಗೊರ ಗೊರ ಅಂತ ಒಂದು ಸದ್ದು, ಗಾಳಿ ನಿಂತಾಗ ಕೇಳುತ್ತೆ. ನಮ್ಮ ದಕ್ಷಿಣದ ಗಂಡುಗಳಲ್ಲಿ ಸುಮಾರು ಗಾಢ ಕಂದು ಬಣ್ಣಕ್ಕೇ ನಿಲ್ತವೆ, ಉತ್ತರ ಭಾರತದ ಫೋಟೋ ನೋಡಿ ಕಡುಕಪ್ಪಿಗೆ ಕಾಯ್ಬೇಡಿ.

ಯಾವಾಗ ನಿಲ್ಲಿಸ್ಬೇಕು ಅಂತ ಅವೇ ಹೇಳ್ತವೆ. ಒಂದು ಹೆಣ್ಣು ಮೇಯೋದು ಬಿಟ್ಟು ತಲೆ ಎತ್ತಿ ನಿಮ್ಮನ್ನೇ ದಿಟ್ಟಿಸಿದ್ರೆ ಕ್ಯಾಮೆರಾ ಹಂಗೇ ಹಿಡಿದು ಅಲ್ಲಾಡದೇ ಇರಿ, ಮತ್ತೆ ತಲೆ ಬಗ್ಗಿಸಿದ್ರೆ ಸರಿ. ಮುಂಗಾಲು ನೆಲಕ್ಕೆ ಬಡಿದ್ರೆ, ಎರಡು ಮೂರು ಒಟ್ಟಿಗೆ ತಲೆ ಎತ್ತಿದ್ರೆ, ಅಲ್ಲಿಗೆ ನಿಮ್ಮ ಟೈಮ್ ಮುಗೀತು, ಇಂಚೂ ಮುಂದೆ ಹೋಗ್ಬೇಡಿ. ಒಂದು ನೆಗೆದ್ರೆ ಅದ್ರ ಹಿಂದೆ ಎಲ್ಲಾ ನಾಲ್ಕೂ ಕಾಲು ಮೇಲೆತ್ತಿ ಚಂಗ್ ಚಂಗ್ ಅಂತ ಹಾರ್ತವೆ, ನೋಡೋಕೆ ಚಂದ ನಿಜ, ಆದ್ರೆ ಅದು ಭಯ, ಮೇಯೋ ಹೊತ್ತಲ್ಲಿ ಓಡಿದ್ದಕ್ಕೆ ಅವು ಹೊಟ್ಟೆಯಿಂದ ಲೆಕ್ಕ ಕೊಡ್ಬೇಕು. ಹುಲ್ಲಲ್ಲಿ ಒಂಟಿ ಮರಿ ಮಲಗಿದ್ರೆ ತಾಯಿ ಬಿಟ್ಟು ಹೋಗಿದೆ ಅಂತ ತಿಳ್ಕೋಬೇಡಿ, ಹುಟ್ಟಿದ ಮೊದಲ ದಿನಗಳಲ್ಲಿ ಹಂಗೇ ಬಚ್ಚಿಟ್ಟು ತಾಯಿ ದೂರದಲ್ಲಿ ಮೇಯ್ತಿರುತ್ತೆ. ಮುಟ್ಬೇಡಿ, ಸುತ್ತ ನಿಲ್ಬೇಡಿ, ಬಂದ ದಾರೀಲೇ ವಾಪಸ್ ಹೋಗಿ.

ಕ್ಯಾಮೆರಾ ಬಗ್ಗೆ ಜಾಸ್ತಿ ಹೇಳಲ್ಲ. 400 ಎಂಎಂ ಲೆನ್ಸ್ ಇದ್ರೆ ಸಾಕು, ಇಲ್ದಿದ್ರೂ ಪರವಾಗಿಲ್ಲ, ದೂರದಲ್ಲಿ ಹಿಂಡು, ಹಿಂದೆ ಮಧುಗಿರಿ ಸೀಮೆಯ ಬಂಡೆ ಬೆಟ್ಟ ಸೇರಿಸಿ ತೆಗೆದ ಅಗಲ ಫೋಟೋನೇ ನಂಗೆ ಇಷ್ಟ. ಶಟರ್ ಸ್ಪೀಡ್ ಪ್ರಾಣಿ ನಿಂತಿದ್ರೆ 1/500 ಸೆಕೆಂಡ್, ಓಡಿದ್ರೆ 1/1600ರ ಮೇಲೆ. ಗಂಡಿನ ಮೈ ಗಾಢ ಬಣ್ಣ, ಹೊಟ್ಟೆ ಬಿಳಿ, ಕ್ಯಾಮೆರಾ ಆ ಗಾಢ ಬಣ್ಣನ ನೋಡಿ ಬೆಳಕು ಜಾಸ್ತಿ ಮಾಡ್ಬಿಡುತ್ತೆ, ಅದಕ್ಕೆ ಎಕ್ಸ್‌ಪೋಷರ್ (ಫೋಟೋಗೆ ಬೀಳೋ ಬೆಳಕು) ಅರ್ಧ ಸ್ಟಾಪ್ ಕಡಿಮೆ ಇಟ್ಕೊಂಡ್ರೆ ಹೊಟ್ಟೆ, ಕಣ್ಣಿನ ಸುತ್ತ ಇರೋ ಬಿಳಿ ಉಳಿಯುತ್ತೆ. ಟ್ರೈಪಾಡ್ ಬೇಡ, ಹಳೇ ಪ್ಯಾಂಟಿನ ಕಾಲು ಕತ್ತರಿಸಿ ಎರಡು ಕೆಜಿ ರಾಗಿ ತುಂಬಿ ಬಾಯಿ ಹೊಲಿದ್ರೆ ನೆಲದ ಮೇಲೂ ಕಾರ್ ಕಿಟಕಿ ಮೇಲೂ ಲೆನ್ಸ್ ಗಟ್ಟಿಯಾಗಿ ಕೂರುತ್ತೆ. ಒಂಬತ್ತೂವರೆ ಆದ್ಮೇಲೆ ನೆಲ ಕಾದು ಗಾಳಿ ನಡುಗೋಕೆ ಶುರು ಆಗುತ್ತೆ, ದೂರದ ಫೋಟೋ ಯಾವ್ದೂ ಶಾರ್ಪ್ ಬರಲ್ಲ, ಅದು ಲೆನ್ಸ್ ತಪ್ಪಲ್ಲ, ಆಗ ಕ್ಯಾಮೆರಾ ಒಳಗಿಟ್ಟು ಬೈನಾಕ್ಯುಲರ್‌ನಲ್ಲಿ ಹಕ್ಕಿ ನೋಡಿ. ಚಳಿಗಾಲಕ್ಕೆ ದೂರದ ದೇಶದಿಂದ ಬರೋ ಹ್ಯಾರಿಯರ್ ಹದ್ದುಗಳು ಹುಲ್ಲಿಗೆ ತಾಗೋ ಹಾಗೆ ತೇಲ್ಕೊಂಡು ಹೋಗ್ತಿರ್ತವೆ.

ಗಾಡಿ ರೋಡಲ್ಲೇ ಇರ್ಲಿ, ಹುಲ್ಲಿನ ಮೇಲೆ ಇಳಿಸ್ಬೇಡಿ, ನೆಲದ ಮೇಲೇ ಗೂಡು ಮಾಡೋ ಹಕ್ಕಿಗಳು ಅಲ್ಲಿವೆ. ಡ್ರೋನ್ ಬೇಡವೇ ಬೇಡ. ಬೀದಿ ನಾಯಿ ಬಂದ್ರೆ ಬಿಸ್ಕೆಟ್ ಹಾಕ್ಬೇಡಿ, ಅದೇ ನಾಯಿಗಳು ಗುಂಪು ಕಟ್ಟಿ ಮರಿ ಹಿಡಿಯೋದು. ಪಕ್ಕದ ಹೊಲಕ್ಕೆ ಕೇಳ್ದೇ ಕಾಲಿಡ್ಬೇಡಿ. ಆ ರೈತರ ಕಡ್ಲೆಕಾಯಿ ಹೊಲಕ್ಕೆ ಈ ಪ್ರಾಣಿಗಳು ರಾತ್ರಿ ನುಗ್ತವೆ, ಅವ್ರು ಚಳೀಲಿ ಕಾವಲು ಕೂತು ಬೆಳೆ ಉಳಿಸ್ಕೋತಾರೆ, ಅಷ್ಟಾದ್ರೂ ಕೃಷ್ಣಮೃಗ ಅಲ್ಲಿ ಉಳಿದಿದೆ ಅಂದ್ರೆ ಅದ್ರಲ್ಲಿ ಅವ್ರ ಪಾಲು ದೊಡ್ಡದು. ಸಿಕ್ಕಿದ್ರೆ ನಿಂತು ಮಾತಾಡ್ಸಿ, ಅವರೇಕಾಯಿ, ಕಡ್ಲೆಕಾಯಿ ಮಾರೋರಿದ್ರೆ ಚೌಕಾಸಿ ಮಾಡ್ದೇ ತಗೊಳ್ಳಿ.

ಫ್ಲಾಸ್ಕಲ್ಲಿ ಕಾಫಿ ತರ್ಬಹುದು, ಕೂತ ಜಾಗದಲ್ಲಿ ಬಿಚ್ಬೇಡಿ, ಗಾಡಿ ಹತ್ರ ಬಂದ್ಮೇಲೆ ಕುಡೀರಿ. ತಿಂಡಿ ಮಧುಗಿರಿಗೆ ವಾಪಸ್ ಬಂದು ತಿನ್ನೋದೇ ಸರಿ, ಕ್ಯಾತ್ಸಂದ್ರದ ತಟ್ಟೆ ಇಡ್ಲಿವರೆಗೂ ಹೊಟ್ಟೆ ತಡ್ಕೊಳ್ಳೋರು ತಡ್ಕೋಬಹುದು. ಅದೇ ದಿನ ಮಧುಗಿರಿ ಬೆಟ್ಟನೂ ಹತ್ತೋಣ ಅಂತ ಕೆಲವ್ರು ಪ್ಲಾನ್ ಮಾಡ್ತಾರೆ, ಬಿಸಿಲು ಏರಿದ್ಮೇಲೆ ಆ ಬಂಡೆ ಹತ್ತೋದು ಒಳ್ಳೇದಲ್ಲ, ಅದಕ್ಕೆ ಇನ್ನೊಂದು ಬೆಳಿಗ್ಗೆ ಇಡಿ. ಹೊರಡೋ ಮುಂಚೆ ಉರುಲು, ತಂತಿ, ಗಾಯ ಆಗಿರೋ ಪ್ರಾಣಿ ಏನಾದ್ರೂ ಕಂಡಿದ್ರೆ ಗಾರ್ಡ್‌ಗೆ ಜಾಗ ಸಮೇತ ಹೇಳಿ, ಯಾರೂ ಸಿಗ್ಲಿಲ್ಲ ಅಂದ್ರೆ ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಮರಿ ಮಲಗಿದ್ದ ಜಾಗದ ಲೊಕೇಶನ್ ಮಾತ್ರ ಯಾರಿಗೂ ಕಳಿಸ್ಬೇಡಿ.