1968ರ ಜಿಟಿಓ, ನಾನು ತಗೊಂಡಿದ್ದು ಹೀಗೆ

ನನ್ಹತ್ರ ಇರೋದು 1968ರ ಪಾಂಟಿಯಾಕ್ ಜಿಟಿಓ, ಜನರಲ್ ಮೋಟರ್ಸ್‌ನ ಹಳೇ ಅಮೆರಿಕನ್ ಕಾರು, ಹಾರ್ಡ್‌ಟಾಪ್ (ಛಾವಣಿ ಮಡಚೋಕಾಗಲ್ಲ), 400 ಕ್ಯೂಬಿಕ್ ಇಂಚಿನ ವಿ8, ಅಂದ್ರೆ ಎಂಟು ಸಿಲಿಂಡರಿನ ಇಂಜಿನ್. ಡೆಟ್ರಾಯಿಟ್ ಕಡೆ ಕಾರ್ ಕಂಪನಿಗಳಲ್ಲಿ ಕೆಲಸ ಮಾಡೋ ನಮ್ಮ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ, ಅವರೇ ಕೇಳ್ತಾರೆ, ಈ ದುಡ್ಡಿಗೆ ಹೊಸ ಕಾರೇ ಬರ್ತಿತ್ತಲ್ಲ ಮಾರಾಯ ಅಂತ. ಬರ್ತಿತ್ತು, ಆದ್ರೆ ಹೊಸದು ಶೋರೂಮಿಂದ ಆಚೆ ಬಂದ ದಿನಾನೇ ರೇಟ್ ಇಳಿಯೋಕೆ ಶುರು.

ಜಿಟಿಓನೇ ಯಾಕೆ ಅಂದ್ರೆ ಅದು ಹುಟ್ಟಿದ ರೀತಿ. ಜನರಲ್ ಮೋಟರ್ಸ್‌ನಲ್ಲಿ ಆಗ ಮಧ್ಯಮ ಸೈಜಿನ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಇಂಜಿನ್ ಹಾಕಬಾರ್ದು ಅಂತ ರೂಲ್ ಇತ್ತು, ಪಾಂಟಿಯಾಕ್‌ನ ಚೀಫ್ ಇಂಜಿನಿಯರ್ ಜಾನ್ ಡಿಲೋರಿಯನ್ ಟೀಮು 1964ರಲ್ಲಿ ತಮ್ಮದೇ ಮಧ್ಯಮ ಸೈಜಿನ ಲೆಮಾನ್ಸ್ ಕಾರಿಗೆ 389 ಕ್ಯೂಬಿಕ್ ಇಂಚಿನ ಇಂಜಿನ್‌ನ ಬರೀ 'ಆಪ್ಷನ್' ಅಂತ ಸೇರಿಸಿ, ಅದಕ್ಕೆ ಜಿಟಿಓ ಅಂತ ಹೆಸರಿಟ್ಟು ರೂಲಿನ ಸಂದೀಲಿ ತೂರಿಬಿಟ್ರು. ಈ ಕಿತಾಪತಿ ನನಗೆ ಭಾರೀ ಇಷ್ಟ, ಆದ್ರೆ ಇದರಿಂದ್ಲೇ ಇವತ್ತು ಕೊಳ್ಳೋರಿಗೆ ತಲೆನೋವು, 64-65ರ ಕಾರಿನ ಚಾಸಿಸ್ ನಂಬರ್ ನೋಡಿದ್ರೆ ಅದು ಜಿಟಿಓನೋ ಲೆಮಾನ್ಸೋ ಗೊತ್ತೇ ಆಗಲ್ಲ. 1966ರಲ್ಲಿ ಜಿಟಿಓ ಬೇರೆ ಸೀರೀಸ್ ಆಯ್ತು, ನನ್ನ 68ರ ನಂಬರ್ 242ರಿಂದ ಶುರು, 237 ಅಂತಿದ್ರೆ ಅದು ಲೆಮಾನ್ಸು, ಬ್ಯಾಡ್ಜ್ ಏನೇ ಅಂಟಿಸಿರಲಿ.

ಮಾರೋರು ಪೇಂಟ್ ಹೊಳಪು ತೋರಿಸ್ತಾರೆ. ನಾನು ಜೇಬಲ್ಲಿ ಮ್ಯಾಗ್ನೆಟ್ ಇಟ್ಕೊಂಡು ಹೋಗ್ತಿದ್ದೆ, ಬಟ್ಟೆ ಸುತ್ತಿ ಹಿಂದಿನ ಚಕ್ರದ ಸುತ್ತ, ಫೆಂಡರ್ ಕೆಳಗಡೆ ಇಟ್ಟು ನೋಡೋದು, ಹಿಡೀಲಿಲ್ಲ ಅಂದ್ರೆ ತುಕ್ಕು ತಿಂದ ಜಾಗಕ್ಕೆ ಪುಟ್ಟಿ ಮೆತ್ತಿದ್ದಾರೆ ಅಂತ ಲೆಕ್ಕ. ಮಿಷಿಗನ್‌ನಲ್ಲಿ ಚಳಿಗಾಲಕ್ಕೆ ರೋಡಿಗೆ ಉಪ್ಪು ಸುರೀತಾರೆ, ಇಲ್ಲೇ ಓಡಿದ ಕಾರುಗಳ ಡಿಕ್ಕಿ ತಳ ನೋಡಿದ್ರೆ ಅಳು ಬರುತ್ತೆ, ಅದಕ್ಕೇ ಒಣ ಹವೆಯ ಅರಿಜೋನಾದಲ್ಲಿದ್ದ ಕಾರು ಹುಡುಕಿದೆ.

ಆಮೇಲೆ ಪೇಪರ್. ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್‌ಗೆ ಚಾಸಿಸ್ ನಂಬರ್ ಕಳಿಸಿ ದುಡ್ಡು ಕಟ್ಟಿದ್ರೆ ಫ್ಯಾಕ್ಟರಿಯ ಬಿಲ್ಲಿಂಗ್ ದಾಖಲೆ ಕಾಪಿ ಕೊಡ್ತಾರೆ, ಯಾವ ಇಂಜಿನ್, ಯಾವ ಗೇರ್‌ಬಾಕ್ಸ್, ಎಲ್ಲಾ ಅದ್ರಲ್ಲಿರುತ್ತೆ. ನನ್ನ ಕಾರಿಗೆ ನಾಲ್ಕು ಗೇರಿನ ಮ್ಯಾನುಯಲ್ ಅಂತ ಬಂತು, ತಾಳೆ ಆಯ್ತು. ಇಂಜಿನ್ ಬ್ಲಾಕ್ ಮೇಲೆ ಕುಟ್ಟಿರೋ ನಂಬರ್ ಮಾತ್ರ ಚಾಸಿಸ್‌ಗೆ ಹೊಂದಲಿಲ್ಲ, ಯಾವ ಕಾಲದಲ್ಲೋ ಇಂಜಿನ್ ಬದಲಾಯಿಸಿದಾರೆ. ಕಲೆಕ್ಟರ್‌ಗಳು 'ನಂಬರ್ಸ್ ಮ್ಯಾಚಿಂಗ್' ಅಲ್ಲ ಅಂದ ತಕ್ಷಣ ಮುಖ ತಿರುಗಿಸ್ತಾರೆ, ನನಗೆ ಬೇಕಾಗಿದ್ದೂ ಅದೇ, ಅದನ್ನೇ ಹಿಡ್ಕೊಂಡು ಚೌಕಾಸಿ ಮಾಡ್ದೆ.

ಕೋಟಿಗಟ್ಲೆ ರೇಟಿನ ಸುದ್ದಿ ಓದಿ ಆಸೆ ಪಡ್ಬೇಡಿ. 2014ರಲ್ಲಿ ಹರಾಜಲ್ಲಿ 35 ಲಕ್ಷ ಡಾಲರಿಗೆ ಹೋದ 1971ರ ಪ್ಲಿಮತ್ 'ಹೆಮಿ ಕುಡಾ' ಕನ್ವರ್ಟಿಬಲ್ (ಛಾವಣಿ ಮಡಚೋ ಕಾರು) ಥರದ್ದು ತಯಾರಾಗಿದ್ದೇ ಒಂದು ಡಜನ್ ಅಷ್ಟು, ಯಾಕಂದ್ರೆ ಆ ಇಂಜಿನ್ನೂ ದುಬಾರಿ, ಇನ್ಶೂರೆನ್ಸೂ ದುಬಾರಿ, ಅವತ್ತು ಕೊಳ್ಳೋರೇ ಇರ್ಲಿಲ್ಲ. 68ರ ಜಿಟಿಓ 87 ಸಾವಿರಕ್ಕೂ ಜಾಸ್ತಿ ತಯಾರಾಗಿವೆ, ಹಾಗಾಗಿ ಬಿಡಿಭಾಗ ಸಿಗುತ್ತೆ, ಓಡಿಸೋಕೆ ಭಯ ಇಲ್ಲ.

ಇನ್ಶೂರೆನ್ಸ್ 'ಅಗ್ರೀಡ್ ವ್ಯಾಲ್ಯೂ' ಥರದ್ದೇ ಮಾಡಿಸಿ, ಅಂದ್ರೆ ಕಾರಿನ ಬೆಲೆ ಮೊದಲೇ ಮಾತಾಡಿ ಒಪ್ಪಿಕೊಂಡಿರೋದು, ಮಾಮೂಲಿ ಪಾಲಿಸಿಯವರು ಹಳೇ ಕಾರು ಅಂತ ಸವಕಳಿ ಕಳೀತಾರೆ. ಹಳೇ ಕಾರಿಗೆ ಕೊಡೋ 'ಹಿಸ್ಟಾರಿಕ್' ನಂಬರ್ ಪ್ಲೇಟ್ ಅಗ್ಗ, ಆದ್ರೆ ಮಿಷಿಗನ್‌ನಲ್ಲಿ ಶೋ, ಪರೇಡ್‌ ಥರದ್ದಕ್ಕೆ ಮಾತ್ರ, ಆಗಸ್ಟ್ ಒಂದು ತಿಂಗಳು ಬೇಕಾದ ಹಾಗೆ ಓಡಿಸ್ಬಹುದು. ನಾನು ಮಾಮೂಲಿ ಪ್ಲೇಟೇ ಹಾಕ್ಸಿದೀನಿ, ಮೇ ತಿಂಗಳಿಂದ್ಲೇ ಗಾಡಿ ಆಚೆ ತೆಗೀಬೇಕಲ್ಲ.