ಅಪ್ಪನ ಹಳೇ ನೆಟ್‌ಬುಕ್‌ಗೆ ವೈಫೈ ಬರಿಸಿದ್ದು – ನನ್ನ ಅನುಭವ

ನಮ್ಮನೇಲಿ 2009ರಲ್ಲಿ ತಗೊಂಡ ಒಂದು ನೆಟ್‌ಬುಕ್ ಇದೆ. ಹತ್ತು ಇಂಚಿನ ಸ್ಕ್ರೀನು, ಇಂಟೆಲ್ ಆಟಮ್ ಎನ್270 ಪ್ರೊಸೆಸರು, ತಂಗಿ ಡಿಗ್ರಿ ಓದ್ತಿದ್ದಾಗ ಅವಳಿಗೆ ಅಂತ ತಗೊಂಡಿದ್ದು, ಅವಳು ಮದುವೆಯಾಗಿ ಹೋದ್ಮೇಲೆ ಅದು ಅಟ್ಟ ಸೇರಿ ಹಳೇ ಪಂಚಾಂಗಗಳ ಜೊತೆ ಬಿದ್ದಿತ್ತು. ಹೋದ ವರ್ಷ ಅಪ್ಪ ಅದನ್ನ ಇಳಿಸಿ ಒರೆಸಿ ಇಟ್ಟಿದ್ರು. ಫೋನಲ್ಲಿ ಪೇಪರ್ ಓದೋಕೆ ಕಣ್ಣು ಸಾಲ್ತಿಲ್ಲ, ದಿನಾ ಸಂಜೆ ಅಡಿಕೆ ಧಾರಣೆ ನೋಡೋಕೂ ಕಷ್ಟ, "ಇದ್ರಲ್ಲಿ ನೆಟ್ ಒಂದು ಬಂದ್ರೆ ನಂಗೆ ಸಾಕಿತ್ತು ಮಾರಾಯ" ಅಂದ್ರು. ನಾನಿರೋದು ಶಿವಮೊಗ್ಗದಲ್ಲಿ, ಮನೆ ಸಾಗರದ ಹತ್ರ. ಬರ್ತಾ ಬ್ಯಾಗಲ್ಲಿ ಹಾಕ್ಕೊಂಡು ಬಂದೆ.

ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ಮು ಲಿನಕ್ಸ್, ಅದನ್ನ ಹಾಕಿದ್ದು ದೊಡ್ಡ ಕೆಲಸ ಏನಲ್ಲ, ಬೇಗ ಹೇಳಿ ಮುಗಿಸ್ತೀನಿ. ಎನ್270 ಬರೀ 32 ಬಿಟ್ ಪ್ರೊಸೆಸರು, ಈಗಿನ ಹೆಚ್ಚಿನ ಲಿನಕ್ಸ್‌ಗಳು 64 ಬಿಟ್‌ಗೆ ಮಾತ್ರ ಬರ್ತವೆ. ಡೆಬಿಯನ್ ಅನ್ನೋ ಲಿನಕ್ಸ್ ಕೂಡ 2025ರ ಆಗಸ್ಟ್‌ನಲ್ಲಿ ಬಂದ 13ನೇ ವರ್ಷನ್ನಿಂದ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಕೊಡೋದು ನಿಲ್ಲಿಸಿದೆ, ಹಾಗಾಗಿ ನಾನು ಹಾಕಿದ್ದು ಡೆಬಿಯನ್ 12, ಮೇಲೆ ಎಲ್‌ಎಕ್ಸ್‌ಡಿಇ ಡೆಸ್ಕ್‌ಟಾಪು. 1 ಜಿಬಿ ರ್‍ಯಾಮ್ ತೆಗೆದು 2 ಜಿಬಿ ಹಾಕಿದೆ, ಅದಕ್ಕಿಂತ ಮೇಲೆ ಆ ಬೋರ್ಡು ಹಿಡಿಯಲ್ಲ. ಗುಬ್ಬಿ, ನವಿಲು ಫಾಂಟ್ ಡೆಬಿಯನ್ನಲ್ಲೇ ಸಿಗುತ್ತೆ, ಅವನ್ನೂ ಹಾಕಿದ್ಮೇಲೆ ಕನ್ನಡ ಚೆನ್ನಾಗಿ ಕಾಣ್ತಿತ್ತು. ಎಲ್ಲಾ ಸರಿ, ವೈಫೈ ಮಾತ್ರ ಇಲ್ಲ. ಮೂಲೇಲಿ ನೆಟ್‌ವರ್ಕ್ ಐಕಾನ್ ಒತ್ತಿದ್ರೆ ವೈಫೈ ಅನ್ನೋ ಹೆಸರೇ ಬರ್ತಿರಲಿಲ್ಲ, ಬರೀ ಕೇಬಲ್ಲು.

ಇಲ್ಲಿ ನಾನು ಮಾಡಿದ ಮೊದಲ ತಪ್ಪು ಅಂದ್ರೆ ಒಳಗೆ ಯಾವ ಚಿಪ್ ಇದೆ, ಅದಕ್ಕೆ ಏನು ಕಮ್ಮಿಯಾಗಿದೆ ಅಂತ ನೋಡೋ ಮುಂಚೆನೇ ಪರಿಹಾರ ಹುಡುಕೋಕೆ ಹೊರಟಿದ್ದು. ಬ್ರಾಡ್‌ಕಾಮ್ ಕಂಪನಿಯ ವೈಫೈ ಚಿಪ್ಪು ಅನ್ನೋದಷ್ಟೇ ಗೊತ್ತಿತ್ತು. ಹಳೇ ಬರಹ ಒಂದ್ರಲ್ಲಿ ಬ್ರಾಡ್‌ಕಾಮ್ ಎಸ್‌ಟಿಎ ಡ್ರೈವರ್ ಹಾಕಿ ಅಂತ ಇತ್ತು (ಡ್ರೈವರ್ ಅಂದ್ರೆ ಹಾರ್ಡ್‌ವೇರ್ ನಡೆಸೋ ಪ್ರೋಗ್ರಾಮು), ಕೇಬಲ್ ಚುಚ್ಚಿ ಅದನ್ನೇ ಹಾಕಿದೆ. ಇದು ಲಿನಕ್ಸ್‌ನ ತಿರುಳಾದ ಕರ್ನಲ್ ಜೊತೆ ಬರೋದಲ್ಲ, ಕಂಪನಿ ಕೊಟ್ಟ ಕೋಡನ್ನ ಡಿಕೆಎಂಎಸ್ ಅನ್ನೋ ವ್ಯವಸ್ಥೆ ನಿಮ್ಮ ಮಿಷನ್ನಲ್ಲೇ ಕಂಪೈಲ್ ಮಾಡಿ, ಅಂದ್ರೆ ಓಡೋ ರೂಪಕ್ಕೆ ತಿರುಗಿಸಿ, ಡಬ್ಲ್ಯೂಎಲ್ ಅನ್ನೋ ಮಾಡ್ಯೂಲ್ ತಯಾರು ಮಾಡುತ್ತೆ, ಕಂಪೈಲ್ ಆಗೋಕೆ ಆಗ ಓಡ್ತಿರೋ ಕರ್ನಲ್ಲಿನ ವಿವರ ಇರೋ ಹೆಡರ್ಸ್ ಅನ್ನೋ ಪ್ಯಾಕೇಜು ಬೇಕು. ಪಾಪ ಆ ಆಟಮ್ಮು ಬಿಸಿಯಾಗಿ ಫ್ಯಾನ್ ಕೂಗ್ತಾ ಕೂಗ್ತಾ ಕೊನೆಗೂ ಮುಗಿಸ್ತು, ರೀಸ್ಟಾರ್ಟ್ ಮಾಡಿದೆ, ವೈಫೈ ಬಂತು. ಖುಷಿಯಾಗಿ ಊರಿಗೆ ತಗೊಂಡು ಹೋಗಿ ಅಪ್ಪನ ಮೇಜಿನ ಮೇಲೆ ಇಟ್ಟು ಬಂದೆ.

ಎರಡು ವಾರ ಆಗಿತ್ತು. ಅಪ್ಪನ ಫೋನು, "ನೆಟ್ ಹೋತು ನೋಡು, ಗುರುತೇ ಇಲ್ಲೆ." ಮುಂದಿನ ಭಾನುವಾರ ಹೋಗಿ ನೋಡಿದ್ರೆ ನಡೆದಿದ್ದು ಇಷ್ಟು. ಸೆಕ್ಯೂರಿಟಿ ಅಪ್‌ಡೇಟ್ ತಾನಾಗೇ ಆಗ್ಲಿ ಅಂತ ನಾನೇ ಇಟ್ಟಿದ್ದೆ, ಅದ್ರಲ್ಲಿ ಹೊಸ ಕರ್ನಲ್ ಬಂದಿದೆ. ನಾನು ಹೆಡರ್ಸ್ ಹಾಕುವಾಗ ಆವತ್ತಿನ ಕರ್ನಲ್ ನಂಬರಿನ ಹೆಡರ್ಸ್ ಮಾತ್ರ ಹಾಕಿದ್ದೆ, ಕರ್ನಲ್ ಜೊತೆ ಜೊತೆಗೇ ಹೊಸದಾಗ್ತಾ ಹೋಗೋ ಪ್ಯಾಕೇಜು ಬೇರೆ ಇದೆ, ಲಿನಕ್ಸ್-ಹೆಡರ್ಸ್-686-ಪಿಎಇ ಅಂತ ಅದರ ಹೆಸರು, ಅದನ್ನ ಹಾಕಿರಲಿಲ್ಲ. ಹೊಸ ಕರ್ನಲ್‌ಗೆ ಹೆಡರ್ಸ್ ಇಲ್ಲ ಅಂದ್ಮೇಲೆ ಡಿಕೆಎಂಎಸ್ ಏನು ಕಂಪೈಲ್ ಮಾಡೋದು, ಡಬ್ಲ್ಯೂಎಲ್ ಇಲ್ಲ, ವೈಫೈ ಇಲ್ಲ. ಹೆಡರ್ಸ್ ಹಾಕಿದ್ರೆ ಅವತ್ತಿಗೆ ಸರಿ ಹೋಗ್ತಿತ್ತು ನಿಜ, ಆದ್ರೆ ಎಪ್ಪತ್ತು ದಾಟಿದ ಅಪ್ಪ ಒಬ್ರೇ ಬಳಸೋ ಮಿಷನ್ನು, ಪ್ರತೀ ಕರ್ನಲ್‌ಗೂ ಅದು ಕೂತು ಕಂಪೈಲ್ ಮಾಡ್ಬೇಕು, ಒಂದ್ಸಲ ಎಡವಿದ್ರೆ ನಾನು ಬಸ್ ಹತ್ತಿ ಬರ್ಬೇಕು. ಕರ್ನಲ್ ಒಳಗೇ ಇರೋ ಡ್ರೈವರ್ ಕೆಲಸ ಮಾಡೋ ಹಾಗಿದ್ರೆ ಅದೇ ಒಳ್ಳೇದು ಅನ್ನಿಸ್ತು. ಈಗ್ಲೂ ನನ್ನ ಅಭಿಪ್ರಾಯ ಅದೇ.

ಮೊದಲೇ ಮಾಡ್ಬೇಕಾಗಿದ್ದ ಕೆಲಸ ಆಗ ಮಾಡಿದೆ. ಟರ್ಮಿನಲ್ ತೆಗೆದು ಎಲ್‌ಎಸ್‌ಪಿಸಿಐ ಕಮಾಂಡು, ಜೊತೆಗೆ ಹೈಫನ್ ಹಾಕಿ ಎನ್‌ಎನ್‌ಕೆ ಅಂತ ಸೇರಿಸಿ. ಚಿಪ್ಪಿನ ಹೆಸರು ಬಿಸಿಎಂ4312 ಅಂತ ಬಂತು, ಅದರ ಮುಂದೆ ಚೌಕ ಬ್ರಾಕೆಟ್ಟಲ್ಲಿ 14ಇ4:4315. ಈ ಕೊನೇ ನಂಬರ್ ತುಂಬಾ ಮುಖ್ಯ, ಬರ್ಕೊಳ್ಳಿ. ಚಿಪ್ಪಿನ ಹೆಸರು ಒಂದೇ ಇದ್ರೂ ಒಳಗಿನ ರೇಡಿಯೋ ಬೇರೆ ಬೇರೆ ಇರುತ್ತೆ, 4315 ಅಂದ್ರೆ ಕಮ್ಮಿ ಕರೆಂಟ್ ತಿನ್ನೋ ಎಲ್‌ಪಿ-ಫೈ ಅನ್ನೋ ಜಾತಿ, ಆ ಕಾಲದ ಎಷ್ಟೋ ನೆಟ್‌ಬುಕ್‌ಗಳಲ್ಲಿ ಇದೇ ಇರೋದು. ಇದಕ್ಕೆ ಕರ್ನಲ್ ಒಳಗಿರೋ ಡ್ರೈವರ್ ಹೆಸರು ಬಿ43.

ಸರಿ, ಎಸ್‌ಟಿಎ ಪ್ಯಾಕೇಜನ್ನ ಆಪ್ಟ್ ಅನ್ನೋ, ಪ್ರೋಗ್ರಾಮ್ ಹಾಕೋ ತೆಗೆಯೋ ಕಮಾಂಡಲ್ಲಿ ರಿಮೂವ್ ಮಾಡಿ ರೀಸ್ಟಾರ್ಟ್ ಮಾಡಿದೆ, ಏನೂ ಇಲ್ಲ. ಬಿ43 ಲೋಡೇ ಆಗ್ತಿಲ್ಲ, ಎಲ್‌ಎಸ್‌ಪಿಸಿಐನಲ್ಲಿ ಯಾವ ಡ್ರೈವರ್ ಬಳಸ್ತಿದೆ ಅಂತ ಹೇಳೋ ಸಾಲೇ ಕಾಣ್ತಿಲ್ಲ. ಇದ್ರಲ್ಲೇ ಒಂದು ಗಂಟೆ ಹೋಯ್ತು. ಕಾರಣ ಏನಪ್ಪಾ ಅಂದ್ರೆ ಎಸ್‌ಟಿಎ ಡ್ರೈವರ್ ಬರುವಾಗ ಬಿ43 ಲೋಡ್ ಆಗ್ಬಾರ್ದು ಅಂತ ಇಟಿಸಿ ಫೋಲ್ಡರ್ ಒಳಗಿನ ಮಾಡ್‌ಪ್ರೋಬ್ ಡಾಟ್ ಡಿ ಅನ್ನೋ ಜಾಗದಲ್ಲಿ ಒಂದು ಬ್ಲ್ಯಾಕ್‌ಲಿಸ್ಟ್ ಫೈಲ್ ಇಟ್ಟಿರುತ್ತೆ, ಎರಡೂ ಒಂದೇ ಕಾರ್ಡಿಗೆ ಕೈ ಹಾಕಿದ್ರೆ ಜಗಳ ಆಗುತ್ತಲ್ಲ, ಅದಕ್ಕೆ. ರಿಮೂವ್ ಅಂದ್ರೆ ಪ್ರೋಗ್ರಾಮ್ ಮಾತ್ರ ಹೋಗುತ್ತೆ, ಸೆಟ್ಟಿಂಗ್ ಫೈಲ್ ಅಲ್ಲೇ ಉಳಿಯುತ್ತೆ. ಬಾಡಿಗೆದಾರ ಮನೆ ಖಾಲಿ ಮಾಡಿದ್ರೂ ಬಾಗಿಲಿಗೆ ಅವನ ಬೀಗವೇ ಇದ್ದ ಹಾಗೆ. ಪರ್ಜ್ ಅಂತ ಕೊಟ್ಟಾಗಲೇ ಆ ಫೈಲ್ ಹೋಗಿದ್ದು. ನೀವೂ ಒಂದು ಡ್ರೈವರ್ ಪ್ರಯತ್ನ ಮಾಡಿ ಬೇಡ ಅನ್ನಿಸಿ ಇನ್ನೊಂದಕ್ಕೆ ಹೋಗೋದಿದ್ರೆ ಮೊದಲನೇದನ್ನ ಪೂರ್ತಿ ಪರ್ಜ್ ಮಾಡಿ, ಆ ಫೋಲ್ಡರ್ ತೆಗೆದು ಕಣ್ಣಾರೆ ನೋಡಿ, ಆಮೇಲೆ ಮುಂದಿನದಕ್ಕೆ ಹೋಗಿ. ಒಂದರ ಮೇಲೊಂದು ಪೇರಿಸ್ತಾ ಹೋದ್ರೆ ಯಾವುದು ಯಾವುದನ್ನ ತಡೀತಿದೆ ಅಂತ ಗೊತ್ತೇ ಆಗಲ್ಲ.

ಈಗ ರೀಸ್ಟಾರ್ಟ್ ಮಾಡಿದ್ರೆ ಬಿ43 ಲೋಡ್ ಆಗಿದೆ, ಆದ್ರೂ ವೈಫೈ ಇಲ್ಲ. ಕರ್ನಲ್ ಏನು ಹೇಳ್ತಿದೆ ಅಂತ ನೋಡೋ ಕಮಾಂಡು ಡಿಎಂಇಎಸ್‌ಜಿ, ಅಡ್ಮಿನ್ ಅಧಿಕಾರ ಕೊಡೋ ಸುಡೋ ಜೊತೆ ಕೊಟ್ಟು ಬಿ43 ಅಂತ ಇರೋ ಸಾಲು ಮಾತ್ರ ಸೋಸಿ ನೋಡಿದೆ. ಮೊದಲ ಸಾಲಲ್ಲಿ ಬ್ರಾಡ್‌ಕಾಮ್ 4312 ಸಿಕ್ತು, ಕೋರ್ ರಿವಿಷನ್ 15 ಅಂತ ಇದೆ, ಅಂದ್ರೆ ಡ್ರೈವರು ಕಾರ್ಡನ್ನ ಗುರುತಿಸಿದೆ. ಅದರ ಕೆಳಗೆ ಕೆಂಪಕ್ಷರದಲ್ಲಿ ಎರರ್, ಯುಕೋಡ್15 ಅನ್ನೋ ಫರ್ಮ್‌ವೇರ್ ಫೈಲ್ ಸಿಗ್ತಿಲ್ಲ. ಆ ಒಂದು ಸಾಲು ಓದಿದಾಗ ನಂಗೆ ಇಡೀ ವಿಷಯ ಅರ್ಥ ಆಯ್ತು. ಡ್ರೈವರ್ ಇಲ್ಲ ಅಂತ ನಾನು ಇಷ್ಟು ದಿನ ಒದ್ದಾಡಿದ್ದು, ಡ್ರೈವರ್ ಮೊದಲ ದಿನದಿಂದಲೂ ಇತ್ತು, ಇಲ್ಲದೇ ಇದ್ದಿದ್ದು ಫರ್ಮ್‌ವೇರು. ಎರಡೂ ಬೇರೆ. ಡ್ರೈವರ್ ಅನ್ನೋದು ನಮ್ಮ ಪ್ರೊಸೆಸರ್ ಮೇಲೆ, ಕರ್ನಲ್ ಒಳಗೆ ಓಡೋದು. ಫರ್ಮ್‌ವೇರ್ ವೈಫೈ ಕಾರ್ಡಿನ ಒಳಗಿರೋ ಪುಟ್ಟ ಪ್ರೊಸೆಸರ್ ಮೇಲೆ ಓಡೋದು, ಕಾರ್ಡಿಗೆ ಅದನ್ನ ಶಾಶ್ವತವಾಗಿ ಇಟ್ಕೊಳ್ಳೋ ಜಾಗ ಇಲ್ಲ, ಹಾಗಾಗಿ ಪ್ರತೀ ಸಲ ಡ್ರೈವರು ಡಿಸ್ಕಿಂದ ತೆಗೆದು ಅದಕ್ಕೆ ಕೊಡ್ಬೇಕು.

ಡೆಬಿಯನ್ 12ರ ಇನ್‌ಸ್ಟಾಲರ್ ಜೊತೆ ಫರ್ಮ್‌ವೇರ್‌ಗಳು ಬರ್ತವೆ, 2022ರಲ್ಲಿ ಡೆಬಿಯನ್‌ನವರು ವೋಟ್ ಹಾಕಿ ತೀರ್ಮಾನ ಮಾಡಿದ್ದು ಅದು. ಮತ್ತೆ ಇದ್ಯಾಕೆ ಬರಲಿಲ್ಲ? ಈ ಬಿ43 ಫರ್ಮ್‌ವೇರನ್ನ ಬೇರೆಯವರು ಹಂಚೋಕೆ ಅನುಮತಿ ಇಲ್ಲ, ಹಾಗಾಗಿ ಡೆಬಿಯನ್ ತನ್ನ ಸಿಡಿಲಿ ಅದನ್ನ ಇಡೋ ಹಾಗಿಲ್ಲ. ಅದರ ಬದಲು ಫರ್ಮ್‌ವೇರ್-ಬಿ43-ಇನ್‌ಸ್ಟಾಲರ್ ಅನ್ನೋ ಪ್ಯಾಕೇಜ್ ಇದೆ. ಅದು ನೆಟ್ಟಿಂದ ಕಂಪನಿಯ ಹಳೇ ಡ್ರೈವರ್ ಫೈಲ್ ಇಳಿಸ್ಕೊಂಡು, ಬಿ43-ಎಫ್‌ಡಬ್ಲ್ಯೂಕಟರ್ ಅನ್ನೋ ಸಣ್ಣ ಪ್ರೋಗ್ರಾಮ್ ಕೈಲಿ ಅದನ್ನ ಸುಲಿಸಿ, ಒಣಗಿದ ಗೋಟು ಅಡಿಕೆ ಸುಲಿದು ಒಳಗಿನ ಚಾಲಿ ತೆಗೆದ ಹಾಗೆ ಫರ್ಮ್‌ವೇರ್ ಮಾತ್ರ ತೆಗೆದು, ಲಿಬ್ ಫರ್ಮ್‌ವೇರ್ ಫೋಲ್ಡರಿನ ಬಿ43 ಒಳಗೆ ಇಡುತ್ತೆ.

ಈ ಬಿ43 ಹುಟ್ಟಿದ ಕಥೆ ನಂಗೆ ತುಂಬಾ ಇಷ್ಟ, ಸ್ವಲ್ಪ ಹೇಳ್ಬಿಡ್ತೀನಿ. ಚಿಪ್ ಹೆಂಗೆ ಕೆಲಸ ಮಾಡುತ್ತೆ ಅನ್ನೋ ಕಾಗದಪತ್ರ ಕಂಪನಿ ಹೊರಗಿನ ಯಾರ ಕೈಲೂ ಇರಲಿಲ್ಲ. ಆಗ ಒಂದು ಗುಂಪು ಕಂಪನಿಯ ಡ್ರೈವರನ್ನ ಬಿಚ್ಚಿ ನೋಡಿ ಚಿಪ್ ಹೀಗೆ ಹೀಗೆ ನಡ್ಕೊಳ್ಳುತ್ತೆ ಅಂತ ಬರೀ ವಿವರಣೆ ಬರೆಯೋದು, ಇನ್ನೊಂದು ಗುಂಪು ಆ ಮೂಲ ಕೋಡನ್ನ ಮುಟ್ಟದೆ, ಬರೀ ಆ ವಿವರಣೆ ಓದಿ ಹೊಸದಾಗಿ ಡ್ರೈವರ್ ಬರೆಯೋದು, ಕಾಪಿ ಮಾಡಿದ್ರು ಅಂತ ಯಾರೂ ಹೇಳೋ ಹಾಗಿಲ್ಲ. ಹಾಗೆ ಆಗಿದ್ದು ಮೊದಲ ಡ್ರೈವರು, 2006ರಲ್ಲಿ ಕರ್ನಲ್ 2.6.17ಕ್ಕೆ ಸೇರ್ತು, 2008ರ ಶುರುವಲ್ಲಿ 2.6.24ರಲ್ಲಿ ಅದರ ಜಾಗಕ್ಕೆ ಬಿ43 ಬಂತು. ಲ್ಯಾರಿ ಫಿಂಗರ್ ಅಂತ ಒಬ್ರು ಹಿರಿಯರು ವರ್ಷಗಟ್ಲೆ ಇದರ ಹಿಂದೆ ನಿಂತು ನೋಡ್ಕೊಂಡ್ರು, ಬೇರೆ ಎಷ್ಟೋ ವೈಫೈ ಚಿಪ್ಪುಗಳ ಡ್ರೈವರ್‌ಗೂ ಅವರ ಕೈ ಇದೆ. 2024ರ ಜೂನಲ್ಲಿ ಅವರು ತೀರಿಕೊಂಡ್ರು. ಸಾಗರದ ಹತ್ರದ ಒಂದು ಮನೇಲಿ ನಮ್ಮಪ್ಪ ಧಾರಣೆ ನೋಡ್ತಿರೋದು ಅಂಥವರ ಕೆಲಸದಿಂದ, ಅದನ್ನ ನೆನೆಸ್ಕೊಂಡೇ ಇದನ್ನ ಬರೀತಿದ್ದೀನಿ.

ವೈಫೈ ಬರ್ಬೇಕಂದ್ರೆ ನೆಟ್ ಬೇಕು, ನೆಟ್ ಬರ್ಬೇಕಂದ್ರೆ ವೈಫೈ ಬೇಕು. ಊರಲ್ಲಿ ರೂಟರ್ ಇರೋದು ಜಗಲಿ ಗೋಡೆ ಮೇಲೆ, ಅಷ್ಟುದ್ದ ಕೇಬಲ್ ಇರಲಿಲ್ಲ. ಆಂಡ್ರಾಯ್ಡ್ ಫೋನನ್ನ ಚಾರ್ಜಿಂಗ್ ಕೇಬಲ್ಲಲ್ಲಿ ನೆಟ್‌ಬುಕ್‌ಗೆ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ, ಲಿನಕ್ಸ್‌ಗೆ ಅದು ಕೇಬಲ್ ನೆಟ್ ಥರನೇ ಕಾಣುತ್ತೆ, ಬೇರೆ ಡ್ರೈವರ್ ಏನೂ ಬೇಡ. ಫೋನು ಮನೆ ವೈಫೈಗೆ ಸೇರಿದ್ರೆ ಅದನ್ನೇ ಈ ಕಡೆ ದಾಟಿಸುತ್ತೆ, ನಮ್ಮೂರಿನ ಥರ ಸಿಗ್ನಲ್ ಇಲ್ಲದ ಕಡೆ ಇದು ದೊಡ್ಡ ಅನುಕೂಲ. ಆಪ್ಟ್‌ನ ಸೋರ್ಸಸ್ ಲಿಸ್ಟ್ ಫೈಲಲ್ಲಿ ಸಾಲಿನ ಕೊನೆಗೆ ಕಾಂಟ್ರಿಬ್ ಅಂತ ಸೇರಿಸ್ಬೇಕು, ಇಲ್ಲಾಂದ್ರೆ ಆ ಪ್ಯಾಕೇಜ್ ಇದೆ ಅಂತಲೇ ಅದಕ್ಕೆ ಗೊತ್ತಾಗಲ್ಲ. ಅಪ್‌ಡೇಟ್ ಕೊಟ್ಟು ಪ್ಯಾಕೇಜ್ ಹಾಕಿದೆ, ಒಂದೊಂದೇ ಫೈಲ್ ಸುಲಿದಿದ್ದು ಸ್ಕ್ರೀನ್ ಮೇಲೆ ಸಾಲು ಸಾಲಾಗಿ ಹೋಯ್ತು. ಆಮೇಲೆ ಮಾಡ್‌ಪ್ರೋಬ್ ಕಮಾಂಡಲ್ಲಿ ಬಿ43 ಇಳಿಸಿ ಮತ್ತೆ ಹತ್ತಿಸಿದೆ. ಮತ್ತೆ ಡಿಎಂಇಎಸ್‌ಜಿ ನೋಡಿದ್ರೆ ಫರ್ಮ್‌ವೇರ್ ವರ್ಷನ್ 666.2 ಲೋಡ್ ಆಯ್ತು, ತಾರೀಖು 2011ರ ಫೆಬ್ರವರಿ 23.

ಇಷ್ಟಾದ್ರೂ ಒಂದೂ ನೆಟ್‌ವರ್ಕ್ ಕಾಣ್ತಿಲ್ಲ. ವೈಫೈ ರೇಡಿಯೋನ ಯಾರಾದ್ರೂ ತಡೆದಿದ್ದಾರಾ ಅಂತ ನೋಡೋಕೆ ಆರ್‌ಎಫ್‌ಕಿಲ್ ಲಿಸ್ಟ್ ಅಂತ ಕೊಟ್ಟೆ, ಸಾಫ್ಟ್ ಬ್ಲಾಕ್ ನೋ, ಹಾರ್ಡ್ ಬ್ಲಾಕ್ ಯೆಸ್ ಅಂತ ಬಂತು. ಸಾಫ್ಟ್ ಬ್ಲಾಕ್ ಆಗಿದ್ರೆ ಕಮಾಂಡಲ್ಲೇ ತೆಗೀಬಹುದು, ಹಾರ್ಡ್ ಅಂದ್ರೆ ಎಲ್ಲೋ ಒಂದು ಗುಂಡಿ ಆಫ್ ಆಗಿದೆ ಅಂತ. ನೆಟ್‌ಬುಕ್‌ನ ಮುಂದಿನ ಅಂಚು ತಡವಿ ನೋಡಿದ್ರೆ ಕಡಲೆಕಾಳಿನಷ್ಟು ಜರುಗಿಸೋ ಸ್ವಿಚ್ಚು, ಪಕ್ಕದಲ್ಲಿ ಕಿತ್ತಳೆ ದೀಪ. ಈ ಮಧ್ಯೆ ಯಾವಾಗ್ಲೋ ಒರೆಸುವಾಗ ಜರುಗಿರ್ಬೇಕು. ಬಲಕ್ಕೆ ತಳ್ಳಿದೆ, ದೀಪ ನೀಲಿಗೆ ತಿರುಗ್ತು, ಎರಡು ಕ್ಷಣ ಬಿಟ್ಟು ಮೂಲೇಲಿ ನಮ್ಮನೆ ವೈಫೈ ಹೆಸರು ಬಂತು. ಅಪ್ಪ ಪಕ್ಕದಲ್ಲೇ ಕುರ್ಚಿ ಎಳ್ಕೊಂಡು ಕೂತಿದ್ರು.

ಒಂದೆರಡು ವಿಷಯ ಗೊತ್ತಿರಲಿ. ಈ ಕಾರ್ಡ್ ಹಿಡಿಯೋದು 2.4 ಗಿಗಾಹರ್ಟ್ಸ್ ಮಾತ್ರ, ರೂಟರಲ್ಲಿ 5ರದ್ದು ಒಂದನ್ನೇ ಆನ್ ಇಟ್ಟಿದ್ರೆ ಯಾವ ಡ್ರೈವರ್ ಹಾಕಿದ್ರೂ ಅದಕ್ಕೆ ಕಾಣಲ್ಲ. ಲೆಕ್ಕದಲ್ಲಿ 54 ಎಂಬಿಪಿಎಸ್, ನಂಗೆ ನಿಜವಾಗಿ ಸಿಗ್ತಿರೋದು 18, 20ರ ಆಸುಪಾಸು, ಪೇಪರ್ ಓದೋಕೆ ಧಾರಾಳ. ಆವತ್ತೇ ನನ್ನ ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿ ನೋಡಿದ್ರೆ ಪಾಸ್‌ವರ್ಡ್ ಸರಿ ಇದ್ರೂ ಸೇರ್ತಿರಲಿಲ್ಲ, ಹಾಟ್‌ಸ್ಪಾಟ್ ಸೆಕ್ಯೂರಿಟಿ ಡಬ್ಲ್ಯೂಪಿಎ3 ಅಂತ ಇತ್ತು, ಅದಕ್ಕಿಂತ ಹಳೇ ಡಬ್ಲ್ಯೂಪಿಎ2 ಮಾಡಿದ ಕೂಡ್ಲೇ ಸೇರ್ತು. ಹಳೇ ಬರಹಗಳಲ್ಲಿ ಬಿ43ಗೆ ಪಿಐಒ=1 ಹಾಕಿ, ಕ್ಯೂಒಎಸ್=0 ಹಾಕಿ ಅಂತೆಲ್ಲಾ ಇರುತ್ತೆ. ಎಲ್‌ಪಿ-ಫೈ ಹೊಸದಾಗಿ ಬಂದಾಗ ಕೆಲವು ಆಟಮ್ ನೆಟ್‌ಬುಕ್‌ಗಳಲ್ಲಿ ಡಿಎಂಎ (ಪ್ರೊಸೆಸರ್ ಮಧ್ಯೆ ಬರದೆ ಕಾರ್ಡೇ ನೇರ ಮೆಮೊರಿ ಮುಟ್ಟೋ ವಿಧಾನ) ಎರರ್ ಬರ್ತಿತ್ತು, ಅದಕ್ಕೆ ಹೇಳಿದ್ದು. ನಿಮ್ಮ ಡಿಎಂಇಎಸ್‌ಜಿಯಲ್ಲಿ ಡಿಎಂಎ ಎರರ್ ಕಂಡ್ರೆ ಮಾತ್ರ ಅದರ ಕಡೆ ಹೋಗಿ, ಪಿಐಒ ಅಂದ್ರೆ ಪ್ರೊಸೆಸರೇ ಎಲ್ಲಾ ಹೊರ್ಬೇಕು, ಸ್ಪೀಡು ಬೀಳುತ್ತೆ. ನಂಗೆ ಬೇಕಾಗಲಿಲ್ಲ.

ನಿಮ್ಮ ನೆಟ್‌ಬುಕ್‌ನಲ್ಲಿ ಬೇರೆ ಚಿಪ್ ಇದ್ರೆ ಮೇಲಿನ ಪ್ಯಾಕೇಜೆಲ್ಲಾ ಬೇಡ, ದಯವಿಟ್ಟು ಮೊದಲು ನಂಬರ್ ನೋಡಿ. ಮೊದಲಿನ ಏಸರ್ ಆಸ್ಪೈರ್ ಒನ್‌ಗಳಲ್ಲಿ ಇದ್ದ ಅಥೆರಾಸ್ ಕಾರ್ಡಿಗೆ ಎಟಿಎಚ್5ಕೆ ಅನ್ನೋ ಡ್ರೈವರ್ ಕರ್ನಲ್ಲಲ್ಲೇ ಇದೆ, ಫರ್ಮ್‌ವೇರ್ ಕೂಡ ಬೇಡ. ಆಸುಸ್ ಈ-ಪಿಸಿ 901ರ ರಾಲಿಂಕ್ ಕಾರ್ಡಿಗೆ ಫರ್ಮ್‌ವೇರ್ ಬೇಕು, ಆದ್ರೆ ಅದು ಡೆಬಿಯನ್ನಲ್ಲೇ ಫರ್ಮ್‌ವೇರ್-ಮಿಸ್ಕ್-ನಾನ್‌ಫ್ರೀ ಪ್ಯಾಕೇಜಲ್ಲಿ ಸಿಗುತ್ತೆ.

ವಾಪಸ್ ಬರೋ ಮುಂಚೆ ಆ ಬಿ43 ಫೋಲ್ಡರನ್ನ ಪೆನ್‌ಡ್ರೈವ್‌ಗೆ ಕಾಪಿ ಮಾಡ್ಕೊಂಡೆ. ಈ ಕಾರ್ಡಿಗೆ ಬೇಕಾಗಿದ್ದು ಅದರಲ್ಲಿ ಮೂರೇ ಫೈಲು, ಯುಕೋಡ್15, ಎಲ್‌ಪಿ0ಇನಿಟ್‌ವಾಲ್ಸ್15, ಎಲ್‌ಪಿ0ಬಿಎಸ್‌ಇನಿಟ್‌ವಾಲ್ಸ್15. ಇವು ಓಡೋದು ಕಾರ್ಡಿನೊಳಗೆ ಆದ್ರಿಂದ 32 ಬಿಟ್, 64 ಬಿಟ್ ಅನ್ನೋ ಭೇದ ಇಲ್ಲ, ಬೇರೆ ಲಿನಕ್ಸ್ ಮಿಷನ್ನಿಂದ ತಂದು ಆ ಜಾಗದಲ್ಲಿ ಇಟ್ರೂ ನಡೆಯುತ್ತೆ. ಅದಾದ್ಮೇಲೆ ಮೂರು ಸಲ ಕರ್ನಲ್ ಅಪ್‌ಡೇಟ್ ಆಗಿದೆ, ವೈಫೈ ಒಂದ್ಸಲವೂ ಹೋಗಿಲ್ಲ. ಪ್ರತೀ ಸಲ ನಾನೇ ಫೋನ್ ಮಾಡಿ ಕೇಳ್ತೀನಿ. ಮೊನ್ನೆ ಕೇಳಿದಾಗ ಅಪ್ಪ ನೆಟ್ ವಿಷಯ ಬಿಟ್ಟು ಅಡಿಕೆಯ ರಾಶಿ ಇಡಿ ರೇಟು, ಚಾಲಿ ರೇಟು ಎರಡನ್ನೂ ಸ್ಕ್ರೀನ್ ನೋಡ್ಕೊಂಡೇ ಓದಿ ಹೇಳಿದ್ರು. ಪೆನ್‌ಡ್ರೈವ್ ಆ ನೆಟ್‌ಬುಕ್ ಬ್ಯಾಗಿನ ಒಳಜೇಬಲ್ಲಿ ಇದೆ, ಮೇಲೆ ಚೀಟಿ ಅಂಟಿಸಿ "ವೈಫೈ ಫೈಲು, ಅಳಿಸ್ಬೇಡಿ" ಅಂತ ಬರೆದಿಟ್ಟಿದ್ದೀನಿ.